ಕಡಗತೊರೆಯ ನೀರು ಅಳೆದ ನಾನು

ಥರ್ಮಾಮೀಟರ್ ಅಂದ ಕೂಡಲೇ ನೀವು ಬಾಯಿ ತೆರೆದು ನಾಲಗೆ ಎತ್ತಬೇಡಿ. ನಾನು ಜ್ವರ ನೋಡುವ ಜಾತಿಯವನಲ್ಲ. ನಾನು ಕೆರೆಯ ನೀರನ್ನು ಅಳೆಯುವವನು. ಗೇಣುದ್ದದ ಗಾಜಿನ ಕೊಳವೆ, ಕೆಳಗೆ ಪಾದರಸದ ಪುಟ್ಟ ಬುರುಡೆ, ಮೈಗೆ ಹಿತ್ತಾಳೆಯ ಅಂಗಿ, ತಲೆಯ ಮೇಲೆ ದಾರ ಕಟ್ಟಲು ಒಂದು ಬಳೆ. ಇಷ್ಟೇ ನಾನು.

ನಾನು ಹುಟ್ಟಿದ್ದು ಅಂಬಾಲದ ಒಂದು ಸಣ್ಣ ಕಾರ್ಖಾನೆಯಲ್ಲಿ. ಗಾಜು ಊದುವವನ ಕೆನ್ನೆ ಉಬ್ಬಿತು, ನನಗೆ ಹೊಟ್ಟೆ ಬಂತು. ಆಮೇಲೆ ಒಬ್ಬ ಹೆಂಗಸು ನನ್ನನ್ನು ಮಂಜುಗಡ್ಡೆಯಲ್ಲಿ ಮುಳುಗಿಸಿ ಒಂದು ಗೆರೆ ಎಳೆದಳು, ಕುದಿಯುವ ಆವಿಯಲ್ಲಿ ಹಿಡಿದು ಇನ್ನೊಂದು ಗೆರೆ ಎಳೆದಳು. ಹುಟ್ಟಿದ ದಿನವೇ ಇಂಥ ಪರೀಕ್ಷೆ ಪಾಸಾದವನಿಗೆ ಸ್ವಲ್ಪ ಜಂಬ ಇದ್ದರೆ ತಪ್ಪೇನಲ್ಲ. ನನಗೆ ಇತ್ತು. ನಾನು ಸುಳ್ಳು ಹೇಳಲಾರೆ ಎಂದೇ ನಂಬಿದ್ದೆ.

ಮೈಸೂರಿನ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಎರಡು ವರ್ಷ ಮಲಗಿದ್ದೆ. ಅಲ್ಲಿಂದ ನನ್ನನ್ನು ಕೊಂಡವರು ಬೆಳ್ಯಪ್ಪ. ಊರು ಕೊಡಗು, ನೀಲಗಿರಿಯ ಟೀ ತೋಟವೊಂದರಲ್ಲಿ ಮ್ಯಾನೇಜರಾಗಿದ್ದು, ನಿವೃತ್ತರಾದ ಮೇಲೆ ಅಲ್ಲೇ ನೆಲೆಸಿದವರು. ದಪ್ಪ ಮೀಸೆ, ಇನ್ನೂ ದಪ್ಪ ಕನ್ನಡಕ. ಆ ಕನ್ನಡಕ ಮಾತ್ರ ಬೇಕಾದಾಗ ಯಾವ ಜೇಬಿನಲ್ಲೂ ಇರುತ್ತಿರಲಿಲ್ಲ. ಅವರಿಗಿದ್ದ ಹುಚ್ಚು ಒಂದೇ, ಟ್ರೌಟ್ ಮೀನಿಗೆ ಗಾಳ ಹಾಕುವುದು. ಹಿಡಿದ ಮೀನನ್ನು ಅವರು ತಿನ್ನುತ್ತಿರಲಿಲ್ಲ. ಮುದ್ದಾಗಿ ನೋಡಿ, ಒಂದು ಫೋಟೋ ತೆಗೆದು, ನೀರಿಗೇ ಬಿಡುತ್ತಿದ್ದರು. ಮೊದಮೊದಲು ನನಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಬಿಡುವುದಾದರೆ ಹಿಡಿಯುವುದು ಯಾಕೆ?

ನನ್ನನ್ನು ಮನೆಗೆ ತಂದ ದಿನ ಬೆಳ್ಯಪ್ಪ ಹಳೆಯ ಬನಿಯನ್ ಒಂದನ್ನು ಹರಿದು ನನ್ನ ಬುರುಡೆಗೆ ನಾಲ್ಕು ಸುತ್ತು ಸುತ್ತಿದರು. ‘ಕಲ್ಲಿಗೆ ತಾಗಿ ಒಡೆದುಹೋಗಬಾರದಲ್ಲ’ ಅಂದರು. ನನಗೂ ಹಿತವಾಯಿತು. ನನ್ನನ್ನು ಇಷ್ಟು ಜೋಪಾನ ಮಾಡಿದವರು ಬೇರೆ ಯಾರೂ ಇರಲಿಲ್ಲ. ಆ ಬಟ್ಟೆಯೇ ಮುಂದೆ ಒಂದು ಸಂಸಾರವನ್ನು ಬೀದಿಗೆ ತರಲಿತ್ತು ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಕಡಗತೊರೆ ಕೆರೆ ಇರುವುದು ಆ ನೀಲಗಿರಿ ಬೆಟ್ಟಗಳ ನೆತ್ತಿಯ ಮೇಲೆ. ಒಂದು ಕಡೆ ಅಣೆಕಟ್ಟು, ಇನ್ನೊಂದು ಕಡೆ ಕಣಿವೆಯ ದಟ್ಟ ಶೋಲಾ ಕಾಡಿನಿಂದ ಇಳಿದುಬರುವ ತೊರೆ. ಅಲ್ಲಿ ಗಾಳ ಹಾಕುವವರ ಸಂಘವೊಂದಿತ್ತು. ಸಂಘದ ದೋಣಿ ನಡೆಸುತ್ತ, ಕೆರೆ ಕಾಯುತ್ತಿದ್ದವನು ಸಿದ್ದನಂಜ. ಗುಂಡ್ಲುಪೇಟೆ ಕಡೆಯಿಂದ ಘಟ್ಟ ಹತ್ತಿ ಬಂದವನು. ಕೆರೆ ದಂಡೆಯ ಎರಡು ಕೋಣೆಯ ಮನೆ, ಹೆಂಡತಿ ಸಣ್ಣತಾಯಿ, ಒಂದು ದೋಣಿ, ಇವೇ ಅವನ ಪ್ರಪಂಚ. ಮೀನುಮರಿಗಳ ಡಬ್ಬವನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಬೆನ್ನ ಮೇಲೆ ಹೊತ್ತು, ಒಂಬತ್ತು ಮೈಲಿ ಬೆಟ್ಟ ಹತ್ತಿಸಿ ಆ ಕೆರೆಗೆ ಬಿಟ್ಟವನು ಅವನೇ. ಕೆರೆಯ ಟ್ರೌಟ್‌ಗಳೆಲ್ಲ ಅವನ ಬೆನ್ನ ಮೇಲೆ ಬಂದವು ಎಂದರೂ ನಡೆಯುತ್ತದೆ.

ಬೇಸಿಗೆಯಲ್ಲಿ ಟ್ರೌಟ್‌ನ ರೀತಿಯೇ ಬೇರೆ. ಅದು ತಣ್ಣೀರಿನ ಮೀನು. ಏಪ್ರಿಲ್ ಬಂತೆಂದರೆ ಕೆರೆಯ ಮೇಲ್ನೀರು ಕಾಯುತ್ತದೆ, ಮೀನು ಆಳಕ್ಕಿಳಿಯುತ್ತದೆ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ತೊರೆ ಕೂಡುವ ಜಾಗಕ್ಕೆ ಮೇಯಲು ಬರುತ್ತದೆ. ಒಂಬತ್ತು ಗಂಟೆಯಾಯಿತೋ, ಮತ್ತೆ ತಳಕ್ಕೆ. ಹಾಗಾಗಿ ಮಧ್ಯಾಹ್ನ ಗಾಳ ಹಾಕುವವನಿಗೆ ತಣ್ಣೀರು ಎಷ್ಟು ಆಳದಲ್ಲಿದೆ ಎಂದು ಗೊತ್ತಿರಬೇಕು. ಬೆಳ್ಯಪ್ಪ ನನ್ನ ದಾರಕ್ಕೆ ಮೊಳಕ್ಕೊಂದು ಗಂಟು ಹಾಕಿ ಇಳಿಬಿಡುತ್ತಿದ್ದರು. ಸಿದ್ದನಂಜ ನನಗಾಗಿ ಕಾಯುತ್ತಿರಲಿಲ್ಲ. ಅವನೂ ಒಂದು ಸೀಸದ ಗುಂಡನ್ನು ಇಳಿಬಿಟ್ಟು, ಮೇಲೆಳೆದು, ಕೆನ್ನೆಗೆ ಒತ್ತಿಕೊಳ್ಳುತ್ತಿದ್ದ.

“ಇಪ್ಪತ್ತು ಮೊಳ ಇಳೀಲಿ ಬುದ್ಧಿ. ಅಲ್ಲಿ ತಣ್ಣಗದ” ಅನ್ನುತ್ತಿದ್ದ.

ಅದೇ ನಿಜವಾಗಿರುತ್ತಿತ್ತು. ಪರೀಕ್ಷೆ ಪಾಸಾದ ನನಗೆ, ಒಂದು ಕೆನ್ನೆ ಸರಿಸಮಾನ ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಸಂಘಕ್ಕೆ ಒಂದು ನಿಯಮವಿತ್ತು. ಮೇಲ್ನೀರು ಇಪ್ಪತ್ತು ಡಿಗ್ರಿ ದಾಟಿದರೆ ಗಾಳ ಮಡಚಬೇಕು. ಬಿಸಿನೀರಿನಲ್ಲಿ ಟ್ರೌಟ್‌ಗೆ ಉಸಿರು ಸಾಲುವುದಿಲ್ಲ. ಆಳದಿಂದ ಎಳೆದು, ಸುಸ್ತು ಮಾಡಿ, ಬೆಚ್ಚನೆಯ ನೀರಿಗೆ ಬಿಟ್ಟರೆ ಆ ಕ್ಷಣಕ್ಕೆ ಈಜಿಕೊಂಡು ಹೋಗುತ್ತದೆ, ಆಮೇಲೆ ಕಣ್ಣಿಗೆ ಕಾಣದ ಕಡೆ ಸಾಯುತ್ತದೆ. ಬೆಳ್ಯಪ್ಪನವರು ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಅಥವಾ ಪಾಲಿಸುತ್ತಿದ್ದೇನೆ ಎಂದುಕೊಂಡಿದ್ದರು.

ನಾನು ಬಂದ ನಾಲ್ಕನೇ ಬೇಸಿಗೆ ಬಹಳ ಕೆಟ್ಟದ್ದು. ಮೇ ತಿಂಗಳಲ್ಲಿ ಬಯಲು ಸೀಮೆಯ ಒಣಗಾಳಿ ಘಟ್ಟ ಹತ್ತಿ ಬಂತು. ಕೆರೆ ದಂಡೆಯ ಹುಲ್ಲು ಕಂದಿತು. ಒಂದು ಮಧ್ಯಾಹ್ನ ಬೆಳ್ಯಪ್ಪ ನನ್ನನ್ನು ದೋಣಿಯ ಅಂಚಿನಿಂದ ನೀರಿಗೆ ಇಳಿಬಿಟ್ಟರು. ನನ್ನ ಪಾದರಸ ಇಪ್ಪತ್ತೆರಡಕ್ಕೆ ಏರಿ ನಿಂತಿತು. ಇವತ್ತು ಗಾಳವಿಲ್ಲ ಎಂದುಕೊಂಡೆ. ಅವರು ನನ್ನನ್ನು ಮೇಲೆತ್ತಿ, ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕನ್ನಡಕ ಹುಡುಕತೊಡಗಿದರು. ಅಂಗಿ ಜೇಬು, ಪ್ಯಾಂಟಿನ ಜೇಬು, ಟೋಪಿಯ ಒಳಗೆ, ಕೊನೆಗೆ ಮೀನಿನ ಬುಟ್ಟಿಯ ತಳ. ಅಷ್ಟರಲ್ಲಿ ಒದ್ದೆ ಬಟ್ಟೆಯನ್ನು ಸುತ್ತಿಕೊಂಡ ನನಗೆ ಗಾಳಿ ಬಡಿದು ಚಳಿ ಹತ್ತಿತು. ನಾನು ಇಳಿದೆ. ಇಪ್ಪತ್ತೊಂದು, ಇಪ್ಪತ್ತು, ಹತ್ತೊಂಬತ್ತು. ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಅವರ ಕನ್ನಡಕ ಮೂಗು ಏರುವ ಹೊತ್ತಿಗೆ ನಾನು ಹದಿನೆಂಟರಲ್ಲಿದ್ದೆ.

“ಹದಿನೆಂಟು! ಪರವಾಗಿಲ್ಲ ಸಿದ್ದನಂಜ, ನೀರು ಚೆನ್ನಾಗಿದೆ” ಅಂದರು.

ಸಿದ್ದನಂಜ ನೀರಿಗೆ ಕೈ ಅದ್ದಿ ಮುಖ ಗಂಟು ಹಾಕಿದ. “ಬೆಚ್ಚಗದ ಅನ್ನುಸ್ತದ ಬುದ್ಧಿ.”

“ನಿನ್ನ ಕೈಗಿಂತ ಇದು ಸರಿ ಹೇಳ್ತದೆ ಮಾರಾಯ. ಇದಕ್ಕೆ ಸುಳ್ಳು ಹೇಳೋಕೆ ಬರಲ್ಲ.”

ಸಿದ್ದನಂಜನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಹುಟ್ಟು ಕೈಗೆತ್ತಿಕೊಂಡ. ಆ ದಿನ ಮತ್ತು ಮರುದಿನ ಬೆಳ್ಯಪ್ಪ ಹದಿನಾಲ್ಕು ಮೀನು ಹಿಡಿದು ಬಿಟ್ಟರು. ಹದಿನಾಲ್ಕೂ ಬಾಲ ಬೀಸಿ ಹೋದವು. ಅವರಿಗೆ ಖುಷಿಯೋ ಖುಷಿ.

ಐದನೇ ದಿನ ಅಣೆಕಟ್ಟಿನ ಮೂಲೆಯ ಜೊಂಡಿನಲ್ಲಿ ಹದಿಮೂರು ಟ್ರೌಟ್ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸಂಘದ ಕಾರ್ಯದರ್ಶಿ ಸಂಪಂಗಿರಾಮ್ ಓಡಿಬಂದರು. ಕೆಟ್ಟ ಮನುಷ್ಯರಲ್ಲ, ಆದರೆ ಬೇಗ ಬಿಸಿಯೇರುವವರು. ಅವರ ಕಣ್ಣಿಗೆ ಮೊದಲು ಬಿದ್ದದ್ದು ಸಿದ್ದನಂಜನ ಜಗಲಿಯ ಮೇಲಿದ್ದ ಸುಣ್ಣದ ಚೀಲ. ಸುಣ್ಣ ಕದಡಿ ಮೀನು ಸಾಯಿಸಿ ಹಿಡಿಯುವುದು ಕಳ್ಳರ ಹಳೆಯ ವಿದ್ಯೆ. ಸಾಲದ್ದಕ್ಕೆ ಸಿದ್ದನಂಜನ ಮೊಣಕೈವರೆಗೆ ಸುಣ್ಣದ ಕಲೆ.

“ಮನೆಗೆ ಬಳಿಯಾಕೆ ತಂದುದ್ದು ಬುದ್ಧಿ. ಗ್ವಾಡೆ ನೋಡಿ, ಇನ್ನೂ ಹಸಿಯಾಗೇ ಅದ” ಅಂದ ಅವನು.

“ಗೋಡೆಗೆ ಅರ್ಧ, ಕೆರೆಗೆ ಅರ್ಧ!” ಅಂದರು ಸಂಪಂಗಿರಾಮ್.

ಭಾನುವಾರ ಸಂಘದ ಸಭೆ. ಅಷ್ಟರೊಳಗೆ ತಪ್ಪೊಪ್ಪಿಕೊಂಡರೆ ಪೊಲೀಸರಿಲ್ಲ, ಆದರೆ ದೋಣಿ, ಕಾವಲು, ಮನೆ ಮೂರೂ ಬಿಡಬೇಕು ಎಂದಾಯಿತು. ಆ ಆರು ದಿನ ಅವನ ದೋಣಿಗೆ ಯಾರೂ ಕಾಲಿಡಲಿಲ್ಲ. ಬೆಳ್ಯಪ್ಪನವರ ಗೋಡೆಯ ಮೊಳೆಯಲ್ಲಿ ನೇತಾಡುತ್ತ ನಾನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಇಡೀ ಲೋಕದಲ್ಲಿ ನಿಜ ಗೊತ್ತಿದ್ದವನು ನಾನೊಬ್ಬ, ನನಗೆ ಬಾಯಿಲ್ಲ. ಹತ್ತಿ ಇಳಿಯುವುದು ಬಿಟ್ಟು ಬೇರೆ ಭಾಷೆಯೂ ಇಲ್ಲ. ನಾಚಿಕೆಯಿಂದ ಒಡೆದುಹೋಗಬೇಕು ಅನ್ನಿಸಿತು.

ಭಾನುವಾರ ಬೆಳಿಗ್ಗೆ ಬೆಳ್ಯಪ್ಪ ತಡೆಯಲಾರದೆ ಸಿದ್ದನಂಜನ ಮನೆಗೆ ಹೊರಟರು. ನಾನು ಅವರ ಕೊರಳಲ್ಲಿದ್ದೆ. ದಾರಿಯಲ್ಲಿ ದೋಣಿಕಟ್ಟೆಯ ಬಳಿ ಅಭ್ಯಾಸಬಲದಿಂದ ನನ್ನನ್ನೊಮ್ಮೆ ನೀರಿಗೆ ಅದ್ದಿದರು. ನೋಡಲಿಲ್ಲ. ಮನಸ್ಸು ಅಲ್ಲಿರಲಿಲ್ಲ.

ಜಗಲಿಯ ಮೇಲೆ ಸಿದ್ದನಂಜ ಗಂಟುಮೂಟೆ ಕಟ್ಟುತ್ತಿದ್ದ.

“ಸಿದ್ದನಂಜ, ನನ್ನ ಮುಖ ನೋಡಿ ಹೇಳು. ನೀನು ಹಾಕಿದ್ಯಾ?”

ಅವನು ಮುಖ ಎತ್ತಿದ. ಕಣ್ಣು ತುಂಬಿತ್ತು. “ಬೆನ್ನು ಮ್ಯಾಲ ಹೊತ್ಕಂಡು ಬಂದ ಮರಿಗೊಳು ಬುದ್ಧಿ ಅವು. ನೀವೂ ಕೇಳ್ಬುಟ್ರಾ?”

ಬೆಳ್ಯಪ್ಪ ಜಗಲಿಯ ಅಂಚಿನಲ್ಲಿ ಕೂತರು. ಸಣ್ಣತಾಯಿ ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟಳು. ಕೋಪವಿದ್ದರೂ ಬಂದವರಿಗೆ ನೀರು ಕೊಡದೆ ಇರಲು ಅವಳಿಗೆ ಆಗಲಿಲ್ಲ. ಕುಡಿದು ಅವರು, ಮಾತಿಗೊಂದು ಆಸರೆ ಬೇಕಿತ್ತೇನೋ, “ಈ ಬಿಸಿಲಲ್ಲೂ ಎಷ್ಟು ತಣ್ಣಗಿದೆಯಮ್ಮ” ಅಂದರು.

“ಹೂಜಿಗೆ ಒದ್ದೆ ಬಟ್ಟೆ ಸುತ್ತಿ ಗಾಳೀಲಿ ಮಡಗಿವ್ನಿ. ಅದ್ಕೇ ತಣ್ಣಗದ” ಅಂದಳು ಸಣ್ಣತಾಯಿ.

ಸಿದ್ದನಂಜನ ಕೈ ನಿಂತಿತು. ಹೂಜಿಯ ಕಡೆ ನೋಡಿದ. ಆಮೇಲೆ ಬೆಳ್ಯಪ್ಪನವರ ಕೊರಳಲ್ಲಿ ತೊಟ್ಟಿಕ್ಕುತ್ತಿದ್ದ ನನ್ನನ್ನು ನೋಡಿದ. ನನ್ನನ್ನು ಅಷ್ಟು ದಿಟ್ಟಿಸಿ ಯಾರೂ ನೋಡಿರಲಿಲ್ಲ.

“ಬುದ್ಧಿ, ಅದ್ಕೂ ನೀವು ಬಟ್ಟೆ ಸುತ್ತಿದ್ದರಿ.”

“ಹೌದು. ಅದಕ್ಕೇನೀಗ?”

“ಬನ್ನಿ ಕೆರೆತಕ್ಕ. ಕನ್ನಡ್ಕ ಮೊದ್ಲು ಹಾಕ್ಕಳಿ.”

ದೋಣಿಕಟ್ಟೆಯ ಹಲಗೆಯ ಮೇಲೆ ಬೆಳ್ಯಪ್ಪ ಬೋರಲು ಮಲಗಿದರು. ಸಿದ್ದನಂಜ ನನ್ನನ್ನು ನೀರಿಗೆ ಇಳಿಸಿ, ಎತ್ತದೆ, ಹಾಗೇ ಹಿಡಿದುಕೊಂಡ. ಬೆಳ್ಯಪ್ಪ ನೀರಿಗೆ ಮೂಗು ತಾಗುವಷ್ಟು ಬಗ್ಗಿ ಓದಿದರು. ಇಪ್ಪತ್ತೆರಡು. “ಈಗ ಎತ್ತಿವ್ನಿ. ನೋಡ್ತಾ ಇರಿ” ಅಂದ ಸಿದ್ದನಂಜ. ಗಾಳಿ ಬೀಸುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ನಾನು ಬೇಗ ಬೇಗ ಇಳಿಯಬೇಕು ಎಂದು ಆಸೆಪಟ್ಟೆ. ಇಪ್ಪತ್ತು. ಹತ್ತೊಂಬತ್ತು. ಹದಿನೆಂಟು. ಹದಿನೇಳರ ಹತ್ತಿರ ನಿಂತೆ.

ಬೆಳ್ಯಪ್ಪ ಏಳಲಿಲ್ಲ. ಮಲಗಿದ್ದಲ್ಲೇ ಕನ್ನಡಕ ತೆಗೆದು, ಅಂಗೈಯಿಂದ ಮುಖ ಒರೆಸಿಕೊಂಡರು.

“ಕೊಂದದ್ದು ನಾನು” ಅಂದರು.

ಸಭೆಯಲ್ಲಿಯೂ ಅದನ್ನೇ ಹೇಳಿದರು, ನಿಂತುಕೊಂಡು, ಎಲ್ಲರೆದುರಿಗೆ. ಸಂಪಂಗಿರಾಮ್ ಅವರೇ ಮೆತ್ತಗಾದರು. “ಹಿರಿಯರ ಹೆಸರು ಯಾಕೆ, ಬಿಸಿಲಿಗೆ ಸತ್ತವು ಅಂತ ಬರೆದರಾಯ್ತು” ಅಂದರು.

“ಸಿದ್ದನಂಜನ ಹೆಸರು ಬರೆಯೋವಾಗ ಬಿಸಿಲು ನೆನಪಿಗೆ ಬರಲಿಲ್ಲವಾ? ನನ್ನ ಹೆಸರು ಬರೀರಿ.”

ಬರೆದರು. ಸಿದ್ದನಂಜ ಗಂಟು ಬಿಚ್ಚಿದ. ಸಂಪಂಗಿರಾಮ್ ಕ್ಷಮೆ ಕೇಳಲಿಲ್ಲ. ಮರುವಾರ ಬಂದು ಅವನ ಮನೆಯ ಉಳಿದ ಗೋಡೆಗೆ ತಾವೇ ನಿಂತು ಸುಣ್ಣ ಬಳಿಸಿದರು.

ಬೆಳ್ಯಪ್ಪ ನನ್ನ ಬಟ್ಟೆ ಬಿಚ್ಚಿ ನನ್ನನ್ನು ಸಿದ್ದನಂಜನಿಗೆ ಕೊಟ್ಟರು. ಅವನು ಓದಲು ಬಾರದವನಲ್ಲವೇ, ಇಪ್ಪತ್ತರ ಗೆರೆಗೆ ಸರಿಯಾಗಿ ಒಂದು ಕೆಂಪು ದಾರ ಕಟ್ಟಿಸಿಕೊಂಡ. ದಿನಾ ಬೆಳಿಗ್ಗೆ ಮತ್ತು ಮಧ್ಯಾಹ್ನ ಬೋರಲು ಮಲಗಿ ನನ್ನನ್ನು ನೀರಿನೊಳಗೇ ನೋಡುತ್ತಿದ್ದ. ಪಾದರಸ ದಾರ ಮುಟ್ಟಿದರೆ ದೋಣಿಗೆ ಬೀಗ. ಕಲೆಕ್ಟರರ ನೆಂಟರೇ ಬರಲಿ, “ಇವತ್ತಿಲ್ಲ ಬುದ್ಧಿ, ಚಳಿಗಾಲಕ್ಕ ಬನ್ನಿ” ಎನ್ನುತ್ತಿದ್ದ. ಯಾರೂ ಎದುರಾಡುತ್ತಿರಲಿಲ್ಲ. ಅವನ ಜೊತೆ ಹನ್ನೊಂದು ಬೇಸಿಗೆ ಕೆಲಸ ಮಾಡಿದೆ. ಅವನ ಕೆನ್ನೆಯ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಎಂದೋ ಆರಿಹೋಗಿತ್ತು.

ಕೊನೆಗೊಂದು ದಿನ ಹಲಗೆಯ ಮೇಲೆ ಬಿದ್ದೆ. ಗಾಜು ಒಡೆಯಲಿಲ್ಲ, ಒಳಗಿನ ಪಾದರಸ ಮೂರು ತುಂಡಾಯಿತು. ಅಂದಿನಿಂದ ನನ್ನ ಮಾತಿಗೆ ಬೆಲೆಯಿಲ್ಲ. ಸಂಘದವರು ಹೊಸದೊಂದನ್ನು ತಂದರು, ನನ್ನ ಕೆಂಪು ದಾರ ಅದಕ್ಕೆ ಹೋಯಿತು. ಸಿದ್ದನಂಜ ನನ್ನನ್ನು ಎಸೆಯಲಿಲ್ಲ. ದೋಣಿಯ ಮೂತಿಯಲ್ಲಿ ಒಂದು ಮೊಳೆಗೆ ನೇತುಹಾಕಿದ.

ಅಲ್ಲಿಂದಲೇ ನಾನು ಅದನ್ನು ನೋಡಿದ್ದು. ಮೇ ತಿಂಗಳ ಒಂದು ಬೆಳಿಗ್ಗೆ ಬೆಳ್ಯಪ್ಪ ಬಂದರು. ಮೀಸೆ ಬೆಳ್ಳಗಾಗಿ ಇಳಿಬಿದ್ದಿತ್ತು. ಡ್ರೈವರ್ ತೋಳು ಹಿಡಿದಿದ್ದ. ಕೈಯಲ್ಲಿ ಗಾಳದ ಕೋಲು.

“ಚಳಿಗಾಲದ ತನಕ ಕಾಯೋಕಾಗಲ್ಲ ಸಿದ್ದನಂಜ. ಡಾಕ್ಟರ್ ಅಷ್ಟು ದಿನ ಕೊಟ್ಟಿಲ್ಲ.”

ಸಿದ್ದನಂಜ ಬೋರಲು ಮಲಗಿ ಹೊಸ ಮಾಪಕವನ್ನು ನೋಡಿದ. ಎದ್ದು ನಿಂತ. ಪಾದರಸ ಕೆಂಪು ದಾರ ದಾಟಿತ್ತು.

“ಎಷ್ಟು?”

“ದಾಟ್ಬುಟ್ಟದ ಬುದ್ಧಿ.”

“ಹಾಗಾದರೆ ಬೇಡ” ಅಂದರು ಬೆಳ್ಯಪ್ಪ. ತಿರುಗಿ ಹೊರಟೂ ಬಿಟ್ಟರು. ಎರಡೇ ಹೆಜ್ಜೆ, ಅಷ್ಟರಲ್ಲಿ ಸಿದ್ದನಂಜ ಅವರ ಕೋಲು ಹಿಡಿದುಕೊಂಡ. ಗಾಳದ ದಾರದ ತುದಿಯಲ್ಲಿ ಮೀನನ್ನು ಮರುಳುಮಾಡಲು ಗರಿಯಿಂದ ಕಟ್ಟಿದ ಪುಟ್ಟ ಹುಸಿ ನೊಣವಿತ್ತು, ಅದರ ಹೊಟ್ಟೆಯಲ್ಲಿ ಕೊಕ್ಕೆ. ಸಿದ್ದನಂಜ ಇಕ್ಕಳ ತೆಗೆದು ಕೊಕ್ಕೆಯ ಬಾಗನ್ನು ಕಟಕ್ಕೆಂದು ಕತ್ತರಿಸಿದ. ಗರಿ ಮಾತ್ರ ಉಳಿಯಿತು.

“ಈಗ ಹತ್ತಿ ದೋಣಿಯ.”

ತೊರೆ ಕೂಡುವ ಕಡೆಗೆ ಹುಟ್ಟು ಹಾಕಿದ. ಬೆಳ್ಯಪ್ಪ ಕೋಲು ಬೀಸಿದರು. ಎರಡು ಸಲ ನೊಣ ದೋಣಿಯೊಳಗೇ ಬಿತ್ತು. ಮೂರನೆಯ ಸಲ ತಣ್ಣನೆಯ ತೊರೆ ನೀರಿನ ಮೇಲೆ ಇಳಿಯಿತು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ನೀರು ಸೀಳಿತು, ಕೋಲಿನ ತುದಿ ಬಗ್ಗಿತು, ಕೆಂಪು ಪಕ್ಕೆಯ ದೊಡ್ಡ ಟ್ರೌಟ್ ಒಂದು ಮೈ ತಿರುಗಿಸಿದ್ದು ನಮಗೆ ಮೂವರಿಗೂ ಕಂಡಿತು. ಅದು ಒಮ್ಮೆ ಬಲವಾಗಿ ಎಳೆಯಿತು. ಗರಿ ಉಗುಳಿ ಹೊರಟುಹೋಯಿತು.

ಬೆಳ್ಯಪ್ಪ ನಕ್ಕರು. ನಗುತ್ತಲೇ ಅತ್ತರು. ಸಿದ್ದನಂಜ ಹುಟ್ಟು ನಿಲ್ಲಿಸಿ ಬೇರೆ ಕಡೆ ನೋಡುತ್ತ ಕೂತ.

ಮುಂದಿನ ಬೇಸಿಗೆ ಅವರು ಬರಲಿಲ್ಲ. ಈಗ ನಾನು ದೋಣಿಮನೆಯ ಗೋಡೆಯಲ್ಲಿದ್ದೇನೆ, ಪಕ್ಕದ ಮೊಳೆಯಲ್ಲಿ ಆ ಗರಿಯ ನೊಣವಿದೆ. ನೀರಿಲ್ಲದೆ ಬದುಕುವುದು ಮೊದಲು ಕಷ್ಟವಾಗಿತ್ತು. ಈಗ ಗೋಡೆಯ ಹಿತ ಹತ್ತಿದೆ. ಬಂದವರು ನನ್ನನ್ನು ನೋಡುವುದಿಲ್ಲ, ನೊಣವನ್ನು ನೋಡುತ್ತಾರೆ. ಮೊನ್ನೆ ಯಾರೋ ಅದನ್ನು ಬೆರಳಲ್ಲಿ ಮುಟ್ಟಿ ನಕ್ಕರು. “ಇದಕ್ಕೆ ಕೊಕ್ಕೆನೇ ಇಲ್ವಲ್ಲಯ್ಯ, ಇದರಲ್ಲಿ ಯಾರಾದರೂ ಮೀನು ಹಿಡೀತಾರಾ?”

ಸಿದ್ದನಂಜ ದೋಣಿಗೆ ಬೀಗ ಹಾಕುತ್ತಿದ್ದ.

“ಒಬ್ರು ಹಿಡಿದಿದ್ರು ಬುದ್ಧಿ” ಅಂದ.