ಮಾಡಿ ತೋರಿಸಿದ ಅರ್ಥ

ನಮ್ಮ ಭಾವನವರಿಗೆ ಇಂಗ್ಲಿಷ್ ಬೇಕಾಗಿದ್ದು ತಮಗಲ್ಲ, ತಮ್ಮ ಹೊಲಿಗೆ ಫ್ಯಾಕ್ಟರಿಯ ಹೆಂಗಸರಿಗೆ. ಅದೂ ಅವರ ಉದ್ಧಾರಕ್ಕಲ್ಲ. ಶರ್ಟು ಕೊಳ್ಳುವ ಕಂಪನಿಯವರು ತಪಾಸಣೆಗೆ ಒಬ್ಬ ಅಧಿಕಾರಿಯನ್ನು ಕಳಿಸುತ್ತಾರೆ. ಗೋಡೆಯ ಮೇಲಿನ ಬೋರ್ಡುಗಳ ಅರ್ಥ ಕೆಲಸದವರಿಗೆ ಗೊತ್ತಿಲ್ಲವೆಂದು ಕಂಡರೆ ಆರ್ಡರು ಕೈತಪ್ಪಿತೆಂದೇ ಲೆಕ್ಕ. ಪುಕ್ಕಟೆ ಸಿಗುವ ಟೀಚರು ಮನೆಯಲ್ಲೇ ಇದ್ದಳಲ್ಲ, ತಮ್ಮನ ಹೆಂಡತಿ! ಭಾವನವರ ಮನೆಯ ಮಹಡಿಯ ಕೋಣೆಯಲ್ಲಿ ನಮ್ಮ ಸಂಸಾರ, ಅವರ ಫ್ಯಾಕ್ಟರಿಯಲ್ಲಿ ನನ್ನ ಗಂಡನ ಸೂಪರ್‌ವೈಸರ್ ಕೆಲಸ. ಒಲ್ಲೆ ಅನ್ನಲು ನನಗೆ ಬಾಯಿ ಎಲ್ಲಿತ್ತು?

ಹೆಂಗಸರು ನಾನಾ ಕಡೆಯಿಂದ ಬಂದವರು, ಒಬ್ಬೊಬ್ಬರದು ಒಂದೊಂದು ಭಾಷೆ. ಯಾವ ಭಾಷೆಯಲ್ಲಿ ಅರ್ಥ ಹೇಳಲಿ? ತಲೆ ಕೆರೆದುಕೊಂಡು ಕೊನೆಗೆ ಒಂದು ದಾರಿ ಹಿಡಿದೆ. ಹೇಳುವುದೇ ಬೇಡ, ಮಾಡುವುದು. ‘ಪುಶ್’ ಅಂದರೆ ಎಲ್ಲರೂ ಎದ್ದು ಮೇಜು ತಳ್ಳಬೇಕು. ‘ಎಂಪ್ಟಿ’ ಅಂದರೆ ಊಟದ ಡಬ್ಬಿ ಬೋರಲು ಹಾಕಬೇಕು. ‘ಹಾಟ್’ ಅಂದರೆ ಇಸ್ತ್ರಿಪೆಟ್ಟಿಗೆಯ ಹತ್ತಿರ ಕೈ ಒಯ್ದು ಸರಕ್ಕನೆ ಎಳೆದುಕೊಳ್ಳಬೇಕು. ಎಲ್ಲರಿಗಿಂತ ಚುರುಕು ಗುಂಡಿಯಮ್ಮ. ಶರ್ಟಿಗೆ ಗುಂಡಿ ಹಚ್ಚಿ ಹಚ್ಚಿ ಅವಳಿಗೆ ಆ ಹೆಸರೇ ನಿಂತುಬಿಟ್ಟಿತ್ತು. ‘ಜಂಪ್’ ಕಲಿಸಿದ ದಿನ ತನ್ನ ಮೊಣಕಾಲನ್ನು ಬೈಯುತ್ತಲೇ ಹಾರಿದ ಮುದುಕಿ ಅವಳು. ಆ ಹಾಲ್‌ನಲ್ಲಿ ನಗು ಕೇಳುತ್ತಿದ್ದುದು ನನ್ನ ಪಾಠದ ಹೊತ್ತಿನಲ್ಲಿ ಮಾತ್ರ.

ಹಿಂದಿನ ಬಾಗಿಲ ಮೇಲೆ ಹಸಿರು ದೀಪದ ಬೋರ್ಡೊಂದಿತ್ತು: ‘ಎಕ್ಸಿಟ್’. ಬೆಂಕಿ ಬಿದ್ದರೆ ಓಡಿಹೋಗಲು ಇರುವ ಬಾಗಿಲು. ಶರ್ಟುಗಳು ಕಳುವಾಗುತ್ತವೆಂದು ಭಾವನವರು ಅದಕ್ಕೆ ಬೀಗ ಹಾಕಿಸಿದ್ದರು. ಬೀಗದ ಕೈ ನನ್ನ ಗಂಡನ ಜೇಬಿನಲ್ಲಿರುತ್ತಿತ್ತು. ಆ ಪದವನ್ನು ಬೆರಳು ತೋರಿಸಿ ಮುಗಿಸು, ಮಾಡಿಸಲು ಹೋಗಬೇಡ ಎಂದು ಭಾವನವರು ತಾಕೀತು ಮಾಡಿದರು. ನಿಜವಾಗಿ ಬೆಂಕಿ ಬಿದ್ದರೆ ಗತಿಯೇನು ಎಂದು ಕೇಳಿದೆ. ಕೆಟ್ಟದ್ದನ್ನು ಯಾಕೆ ಬಾಯಲ್ಲಿ ಆಡುತ್ತೀಯಮ್ಮ ಎಂದು ನನ್ನನ್ನೇ ಗದರಿದರು. ಮಹಡಿಗೆ ಹತ್ತಿದ ಮೇಲೆ ಗಂಡ ಕೈ ಮುಗಿಯುವುದೊಂದು ಬಾಕಿ.

“ಸುಮ್ನೆ ಅಣ್ಣ ಹೇಳ್ದಂಗೆ ಮಾಡು. ಈ ಮನೆ ಬಿಟ್ರೆ ಎಲ್ಲಿಗೆ ಹೋಗೋದು ನಾವು?”

ಮರುದಿನ ಬೆರಳು ತೋರಿಸಿ ಮುಗಿಸಿದೆ. ಹೊರಗೆ ಹೋಗುವ ದಾರಿ ಎಂದು ಎಲ್ಲರಿಗೂ ತಿಳಿಯಿತು. ಗುಂಡಿಯಮ್ಮ ಮಾತ್ರ ಬಿಡಲಿಲ್ಲ.

“ಇದೊಂದನ್ನ ಮಾಡಿಸ್ಲೇ ಇಲ್ವಲ್ಲ ಟೀಚರಮ್ಮ?”

ನಾಳೆ ಅಂದೆ. ಅವಳ ಮುಖ ನೋಡಲು ನಾಚಿಕೆಯಾಯಿತು, ಭಾವನವರ ಮೇಲೆ ಮೈ ಉರಿಯಿತು. ಉರಿದು ಏನು ಬಂತು, ಸಂಜೆ ಅವರಿಗೇ ಚಹಾ ಮಾಡಿಕೊಟ್ಟೆ.

ಅಧಿಕಾರಿ ಬಂದ. ಭಾವನವರು ಅವನ ಬೆನ್ನಿಗೇ ಅಂಟಿಕೊಂಡು ತಿರುಗಿದರು. ಆತ ಒಂದೊಂದೇ ಬೋರ್ಡು ತೋರಿಸಿದ, ಹೆಂಗಸರು ಪಟಪಟನೆ ಒಪ್ಪಿಸಿದರು. ಹಸಿರು ದೀಪಕ್ಕೂ ಗುಂಡಿಯಮ್ಮ ಗದ್ದ ಎತ್ತಿ ಬಾಗಿಲು ತೋರಿಸಿದಳು. ಎಲ್ಲ ಸರಿಯಾಗಿದೆ ಎಂದು ಗುರುತು ಹಾಕಿಕೊಂಡು ಆತ ಹೊರಟೇಬಿಟ್ಟಿದ್ದ. ಹೊರಟವನು ನನ್ನ ಕಡೆ ತಿರುಗಿ, ಇಷ್ಟು ಚೆನ್ನಾಗಿ ಹೇಗೆ ಕಲಿಸಿದಿರಿ ಎಂದು ಕೇಳಿದ. ಮಾಡಿಸಿ ಕಲಿಸಿದೆ ಅಂದೆ. ಅವನಿಗೆ ಖುಷಿಯಾಯಿತು. ಯಾವುದಾದರೂ ಒಂದು ಪದ ಮಾಡಿಸಿ, ನೋಡೋಣ ಅಂದ.

“ಮೇಜು ತಳ್ಳೋದು ಮಾಡ್ಸಮ್ಮ,” ಎಂದರು ಭಾವನವರು.

ಗಂಡ ನೆಲ ನೋಡುತ್ತಿದ್ದ. ಗುಂಡಿಯಮ್ಮ ಕನ್ನಡಕವನ್ನು ಹಣೆಗೇರಿಸಿ, ಸ್ಟೂಲಿನಿಂದ ಅರ್ಧ ಎದ್ದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಬೆಂಕಿ ಬಿದ್ದ ದಿನ ನನ್ನ ಪಾಠ ನಂಬಿ ಈ ಮುದುಕಿ ಆ ಬಾಗಿಲಿಗೇ ಹೋಗುತ್ತಾಳೆ ಅನ್ನಿಸಿತು. ಬೇರೆ ಬಾಗಿಲನ್ನು ನೆನೆಸಿಕೊಳ್ಳುವುದೂ ಇಲ್ಲ.

“ಎಕ್ಸಿಟ್,” ಅಂದೆ.

ಎಲ್ಲರೂ ಎದ್ದರು. ಮಷೀನುಗಳ ನಡುವಿನಿಂದ ಸಾಲಾಗಿ ಹೋಗಿ ಬಾಗಿಲು ತಳ್ಳಿದರು. ಅಲ್ಲಾಡಲಿಲ್ಲ. ಇನ್ನಷ್ಟು ಜೋರಾಗಿ ತಳ್ಳಿದರು. ಅಧಿಕಾರಿ ಭಾವನವರನ್ನು ನೋಡಿದ. ಬೀಗದ ಕೈ ಕಳೆದುಹೋಗಿದೆ, ರಿಪೇರಿಯವನಿಗೆ ಹೇಳಿದ್ದೇವೆ ಎಂದು ಅವರು ಹಸಿ ಸುಳ್ಳು ಹೇಳಿದರು. ಗಂಡನ ಅಂಗೈ ತಾನಾಗಿಯೇ ಹೋಗಿ ಜೇಬಿನ ಮೇಲೆ ಕೂತಿತು.

ನಾನು ಹೋಗಿ ಆ ಕೈ ಸರಿಸಿದೆ. ಬೀಗದ ಕೈ ತೆಗೆದುಕೊಂಡೆ. ಗಂಡ ತಡೆಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

ಬೀಗ ಬಿಟ್ಟಿತು. ಬಾಗಿಲು ಒಂದು ಗೇಣು ಸರಿದು ಮತ್ತೆ ನಿಂತಿತು. ಆಚೆ ಬಟ್ಟೆಯ ಬಂಡಲುಗಳನ್ನು ಆಳೆತ್ತರಕ್ಕೆ ಒಟ್ಟಿದ್ದರು. ಇದು ನನಗೂ ಗೊತ್ತಿರಲಿಲ್ಲ. ಹೆಂಗಸರು ಅದೂ ಪಾಠದ ಭಾಗವೇ ಅಂದುಕೊಂಡರೋ ಏನೋ, ಹೆಗಲು ಕೊಟ್ಟು ನೂಕಿದರು. ಬಂಡಲುಗಳು ದಬದಬನೆ ಉರುಳಿದವು. ಅವುಗಳ ಮೇಲೆ ಹತ್ತಿ ಇಳಿದು, ಒಬ್ಬರ ಕೈ ಒಬ್ಬರು ಹಿಡಿದು, ಎಲ್ಲರೂ ಬಿಸಿಲಿಗೆ ಹೋಗಿ ನಿಂತರು. ಅಧಿಕಾರಿ ಬಾಗಿಲ ಬಳಿ ಬಗ್ಗಿ ಫೋಟೋ ತೆಗೆದುಕೊಳ್ಳುತ್ತಿದ್ದ.

“ನೀವೂ ಬನ್ನಿ ಟೀಚರಮ್ಮ,” ಎಂದು ಗುಂಡಿಯಮ್ಮ ಹೊರಗಿನಿಂದ ಕರೆದಳು.

ಭಾವನವರು ನನ್ನ ಪಕ್ಕಕ್ಕೆ ಬಂದು ನಿಂತರು. ನನ್ನನ್ನು ಹೊಗಳುತ್ತಿದ್ದಾರೆಂದು ನೋಡಿದವರು ಅಂದುಕೊಳ್ಳಬೇಕು, ಹಾಗೆ ನಗುತ್ತಿದ್ದರು.

“ಸಂಜೆ ಮನೆಗೆ ಬರ್ತೀಯಲ್ಲಮ್ಮ, ಮಾತಾಡೋಣ.”

ನಾನು ತಲೆಯಾಡಿಸಿದೆ. ಬೇರೆ ಮನೆ ನನಗಿರಲಿಲ್ಲ.