ಬೆಚ್ಚಗೆ ಮಲಗಿದ್ದ ನೀಲಿ ಕಾರು

ಮಾರ್ಚ್ ತಿಂಗಳು ಬಂತೆಂದರೆ ಮಿಶಿಗನ್ ರಾಜ್ಯದ ಕೊಯಿವು ಊರಿನಲ್ಲಿ ಯಾರ ಕಾರಿನ ಬಣ್ಣ ಯಾವುದೆಂದು ಹೇಳಲು ಬರುವುದಿಲ್ಲ. ಕೆಂಪು ಕಾರೂ ಬಿಳಿ, ಕಪ್ಪು ಕಾರೂ ಬಿಳಿ. ಹಿಮ ಕರಗಲೆಂದು ಐದು ತಿಂಗಳು ರಸ್ತೆಗೆ ಸುರಿದ ಉಪ್ಪು ಚಕ್ರದಿಂದ ಕಿಟಕಿಯವರೆಗೂ ಹತ್ತಿ ಕೂತಿರುತ್ತದೆ. ಕಾರಿಗೆ ಒರಗಿದವರ ಕೋಟಿನ ಮೇಲೆ ಬಿಳಿ ಪಟ್ಟೆ. ಹೊರಗೆ ಹೋಗಿ ಬಂದ ನಾಯಿಗಳು ಒಲೆಯ ಮುಂದೆ ಕೂತು ಪಾದ ನೆಕ್ಕಿಕೊಳ್ಳುತ್ತಲೇ ಇರುತ್ತವೆ.

ಅಂಥ ಊರಿನಲ್ಲಿ ಒಂದು ಶನಿವಾರ ಬೆಳಿಗ್ಗೆ, ಟ್ರುಡೆಲ್ ತಾತನ ಅಂಗಳದಲ್ಲಿ ನೀಲಿ ಕಾರೊಂದು ಫಳಫಳ ಹೊಳೆಯುತ್ತ ನಿಂತಿತು. ಗಾಜಿನ ಮೇಲೆ 'ಮಾರಾಟಕ್ಕಿದೆ' ಎಂಬ ಚೀಟಿ.

ಅದನ್ನು ಮೊದಲು ಕಂಡವನು ರೈನೊ. ಓಡುತ್ತಲೇ ಮನೆಗೆ ಬಂದ. ಬಾಗಿಲು ಹಾಕುವುದನ್ನೂ ಮರೆತ.

"ಐಲೀ! ಬಾರೇ, ಬೇಗ ಬಾ! ಕೋಟು ದಾರೀಲಿ ಹಾಕ್ಕೋ! ನಿನ್ನ ಕಾರು ಸಿಕ್ತು!"

ಐಲಿ ಅವನ ಒಬ್ಬಳೇ ಮಗಳು. ಇಪ್ಪತ್ತೊಂದು ವರ್ಷ. ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳಲೆಂದು ಓದು ಅರ್ಧಕ್ಕೇ ಬಿಟ್ಟವಳು. ಅಜ್ಜಿ ಹೋದ ಮೇಲೆ, ಆ ಸೇವೆ ಕಂಡಿದ್ದ ಒಬ್ಬ ನರ್ಸಮ್ಮ, ಸುಪೀರಿಯರ್ ಸರೋವರದ ದಂಡೆಯ ವೃದ್ಧಾಶ್ರಮದಲ್ಲಿ ಅವಳಿಗೆ ಕೆಲಸ ಕೊಡಿಸಿದ್ದರು. ಸೋಮವಾರ ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಮೂವತ್ತೆಂಟು ಮೈಲಿ ದಾರಿ. ಬಸ್ಸಿಲ್ಲ. ಕಾರಿಲ್ಲದಿದ್ದರೆ ಕೆಲಸವೂ ಇಲ್ಲ. ಶನಿವಾರದ ಆ ಬೆಳಗಿನವರೆಗೆ ಕಾರು ಸಿಕ್ಕಿರಲಿಲ್ಲ.

ಟ್ರುಡೆಲ್ ತಾತ ಕಾರಿನ ಬಾಗಿಲು ತೆರೆದು ತೋರಿಸಿದ. ಒಳಗೆ ಸೀಟುಗಳು ಹೊಸದರ ಹಾಗೆ ಇದ್ದವು.

"ನೋಡಮ್ಮ, ಹನ್ನೊಂದು ಚಳಿಗಾಲ ಓಡಿಸಿದೀನಿ. ಒಂದು ರಾತ್ರೀನೂ ಹಿಮದಲ್ಲಿ ಬಿಟ್ಟೋನಲ್ಲ. ನನ್ನ ಗ್ಯಾರೇಜಿಗೆ ಹೀಟರ್ ಇದೆ. ಬೆಚ್ಚಗೆ ಮಲಗಿಸ್ತಿದ್ದೆ, ಮಗು ಥರ."

"ಕೇಳಿಸ್ಕೊಂಡ್ಯಾ? ಬೆಚ್ಚಗೆ!" ಎಂದು ರೈನೊ ಮಗಳ ಭುಜ ತಟ್ಟಿದ. "ಊರಲ್ಲಿ ಬೇರೆ ಕಾರೆಲ್ಲ ಬೀದೀಲಿ ನಡುಗ್ತಾ ನಿಂತಿದ್ರೆ ಇದು ಮಹಾರಾಣಿ ಥರ ಬೆಳೆದಿದೆ!"

ಐಲಿಯ ಎದೆಯೂ ಡವಗುಟ್ಟುತ್ತಿತ್ತು. ಸ್ಟಿಯರಿಂಗ್ ಹಿಡಿದು ಕೂತಾಗ ತಾನು ಆಗಲೇ ಕೆಲಸಕ್ಕೆ ಹೊರಟಂತೆ ಅನಿಸಿತು. ಆದರೆ ಅವಳದು ಮಾತು ಕಡಿಮೆ, ನೋಟ ಹೆಚ್ಚು. ಇಳಿಯುವಾಗ ಎರಡು ಸಂಗತಿ ಕಣ್ಣಿಗೆ ಬಿದ್ದವು. ಕಾರಿನ ಅಡಿಯೆಲ್ಲ ಹೊಸ ಕಪ್ಪು ಬಣ್ಣ. ಹನ್ನೊಂದು ವರ್ಷದ ಕಾರಿನ ಹೊಟ್ಟೆ ನಿನ್ನೆ ಬಳಿದಂತೆ ಹೇಗಿರುತ್ತದೆ? ಇನ್ನೊಂದು, ಗ್ಯಾರೇಜಿನ ಮೂಲೆಯ ಪೊರಕೆ. ಅದರ ಕಡ್ಡಿಗಳ ನಡುವೆ ಕಂದು ಬಣ್ಣದ ಹಕ್ಕಳೆಗಳು ಸಿಕ್ಕಿಕೊಂಡಿದ್ದವು.

ತಾತನ ಎದುರು ಕೇಳಲು ನಾಲಿಗೆ ಏಳಲಿಲ್ಲ. ಮಧ್ಯಾಹ್ನ ದುಡ್ಡು ತರುತ್ತೇನೆಂದು ಅಪ್ಪ ಕೈ ಕುಲುಕುತ್ತಿದ್ದಾಗ, "ಬ್ರೆಡ್ಡು ತರ್ತೀನಪ್ಪ" ಎಂದು ಹೇಳಿ ಹೊರಟಳು. ಹೋಗಿದ್ದು ಬೇಕರಿಗಲ್ಲ, ಲೆಂಪಿ ಅತ್ತೆಯ ಹತ್ತಿರ.

ಲೆಂಪಿ, ರೈನೊನ ಅಕ್ಕ. ಊರ ರಸ್ತೆಗಳಿಗೆ ಉಪ್ಪು ಸುರಿಯುವ ಲಾರಿ ಓಡಿಸುವುದು ಅವಳ ಕೆಲಸ. ಆಗ ತಾನೇ ಪಾಳಿ ಮುಗಿಸಿ, ಶೆಡ್ಡಿನಲ್ಲಿ ನೀರಿನ ಪೈಪು ಹಿಡಿದು ಲಾರಿಯ ಅಡಿಭಾಗ ತೊಳೆಯುತ್ತಿದ್ದಳು. ಐಲಿ ಹೇಳಿದ್ದನ್ನು ಕೇಳಿ ಪೈಪು ನಿಲ್ಲಿಸಿದಳು.

"ಹೀಟರ್ ಗ್ಯಾರೇಜಾ? ಹನ್ನೊಂದು ಚಳಿಗಾಲಾನಾ?" ಎಂದವಳೇ ಟಾರ್ಚು, ಸ್ಕ್ರೂಡ್ರೈವರು, ಒಂದು ದೊಡ್ಡ ರಟ್ಟು ಎತ್ತಿಕೊಂಡಳು. "ನಡಿ. ದುಡ್ಡು ಕೈ ಬದಲಾಗೋ ಮುಂಚೆ ಹೋಗೋಣ."

ರೈನೊ ಆಗಲೇ ತಾತನ ಅಂಗಳದಲ್ಲಿದ್ದ. ಅಕ್ಕನ ಕಂಕುಳಲ್ಲಿದ್ದ ರಟ್ಟು ನೋಡಿ ಮುಖ ಕಿವುಚಿದ.

"ಬಂದ್ಲಪ್ಪ! ಕಾರು ಕೊಳ್ಳೋಕೆ ಬಂದ್ಯೋ, ಮಲಗೋಕೆ ಬಂದ್ಯೋ?"

"ಮಲಗೋಕೇ ಬಂದೆ ಕಣೋ. ನೀನು ದೋಣಿ ತಗೊಂಡಾಗ್ಲೂ ಬಣ್ಣ ನೋಡೇ ತಗೊಂಡೆ. ಎಲ್ಲಿದೆ ಈಗ ಅದು?"

ಆ ದೋಣಿ ಸುಪೀರಿಯರ್ ಸರೋವರದ ತಳದಲ್ಲಿತ್ತು.

"ಟ್ರುಡೆಲಣ್ಣ, ಅಡಿ ನೋಡಬಹುದಾ?"

"ಧಾರಾಳವಾಗಿ ನೋಡಮ್ಮ. ನನ್ನದೇನು ಮುಚ್ಚುಮರೆ?" ಎಂದ ತಾತ. ಮುಂಚಕ್ರಗಳನ್ನು ಎತ್ತರದ ಕಬ್ಬಿಣದ ಹಲಗೆಗಳ ಮೇಲೆ ತಾನೇ ಹತ್ತಿಸಿ ನಿಲ್ಲಿಸಿದ. ಲೆಂಪಿ ಹಿಂಚಕ್ರಗಳಿಗೆ ಮರದ ತುಂಡು ಕೊಟ್ಟಳು. ರಟ್ಟು ಹಾಸಿ, ಅತ್ತೆ ಸೊಸೆ ಇಬ್ಬರೂ ಅಂಗಾತ ಒಳಗೆ ಜಾರಿದರು.

"ಮೊದ್ಲು ಬಾಗಿಲ ಕೆಳಗಿನ ಪಟ್ಟಿ ನೋಡು. ಸ್ಕ್ರೂಡ್ರೈವರ್ ಹಿಡೀಲಿ ತಟ್ಟು."

ಐಲಿ ತಟ್ಟಿದಳು. ಠಣ್, ಠಣ್. ಇನ್ನೊಂದು ಗೇಣು ಹಿಂದಕ್ಕೆ. ಠಣ್. ಹಿಂಚಕ್ರದ ಹತ್ತಿರ ಬಂದಾಗ ಸದ್ದೇ ಬದಲಾಯಿತು. ಒದ್ದೆ ಮರಕ್ಕೆ ತಟ್ಟಿದ ಹಾಗೆ, ದಪ್.

"ಅತ್ತೇ!"

"ಕೇಳಿಸ್ತು. ಈಗ ಮೊನೆ ಇಟ್ಟು ಮೆಲ್ಲಗೆ ಒತ್ತು."

ಕಪ್ಪು ಬಣ್ಣ ಬಿರಿದು ಸ್ಕ್ರೂಡ್ರೈವರ್ ಒಳಗೆ ಇಳಿದುಹೋಯಿತು. ಕಂದು ಪುಡಿ ಐಲಿಯ ಕೆನ್ನೆಯ ಮೇಲೆ ಉದುರಿತು.

"ಏಯ್, ಏನು ಮಾಡ್ತಿದೀರ? ತೂತು ಹೊಡೀತಿದೀರಾ?" ಎಂದು ರೈನೊ ಹೊರಗಿಂದ ಕೂಗಿದ.

"ತೂತು ಮೊದ್ಲೇ ಇತ್ತು. ಬಣ್ಣ ಬಳಿದು ಮುಚ್ಚಿದ್ರು ಅಷ್ಟೇ."

"ಒಂಚೂರು ತುಕ್ಕು ಯಾರ ಕಾರಲ್ಲಿಲ್ಲ ಅಕ್ಕ? ತೇಪೆ ಹಾಕ್ಸಿದ್ರಾಯ್ತು. ಹುಡುಗಿಗೆ ಸೋಮವಾರ ಕೆಲಸ! ನೀನು ಹೀಗೆ ಕುಟ್ತಾ ಕೂತ್ರೆ ಅವಳು ನಡ್ಕೊಂಡು ಹೋಗ್ಬೇಕಾಗತ್ತೆ!"

ಒಳಗೆ ಐಲಿ ಟಾರ್ಚನ್ನು ಇನ್ನೂ ಹಿಂದಕ್ಕೆ ತಿರುಗಿಸಿದ್ದಳು. ಪೆಟ್ರೋಲ್ ಟ್ಯಾಂಕಿನ ಮೇಲ್ಗಡೆ, ಬಣ್ಣ ತಲುಪದ ಸಂದಿಯಲ್ಲಿ, ಪೆನ್ಸಿಲಿನಷ್ಟೂ ದಪ್ಪವಿಲ್ಲದ ಒಂದು ಕೊಳವೆ ಹಾದುಹೋಗಿತ್ತು. ಒಂದು ಕಡೆ ಅದರ ಮೈ ಊದಿಕೊಂಡು, ಹಳೇ ಮರದ ತೊಗಟೆಯ ಹಾಗೆ ಎದ್ದಿತ್ತು.

"ಅತ್ತೆ, ಈ ಕೊಳವೆ ನೋಡು. ಇದು ಯಾತರದು?"

ಲೆಂಪಿ ಕತ್ತು ಚಾಚಿ ನೋಡಿದಳು. "ಬ್ರೇಕಿನದು" ಎಂದಳು. "ಮುಟ್ಬೇಡ. ಹೊರಗೆ ಬಾ."

ಇಬ್ಬರೂ ಹೊರಬಂದರು. ಕಾರನ್ನು ಹಲಗೆಗಳಿಂದ ಮೆಲ್ಲಗೆ ಇಳಿಸಿ, ಚಕ್ರಗಳಿಗೆ ಮರದ ತುಂಡು ಕೊಟ್ಟು, ಲೆಂಪಿ ತಮ್ಮನನ್ನು ಕರೆದಳು.

"ರೈನೊ, ಕೂತ್ಕೋ. ಎಂಜಿನ್ ಚಾಲೂ ಮಾಡು. ರಸ್ತೇಲಿ ಜಿಂಕೆ ಅಡ್ಡ ಬಂದಿದೆ ಅಂದ್ಕೊಂಡು ಬ್ರೇಕು ಒತ್ತು."

"ಒತ್ತಿ ತೋರಿಸ್ತೀನಿ ಇರು! ಬೆಳಿಗ್ಗೆ ತಾನೇ ಒಂದು ಸುತ್ತು ಓಡಿಸಿದ್ದೆ. ಬೆಣ್ಣೆ ಥರ ನಿಲ್ತಿತ್ತು" ಎಂದು ರೈನೊ ಹತ್ತಿ ಕೂತ. ಬೂಟುಗಾಲಿನಿಂದ ಬಲವಾಗಿ ಒತ್ತಿದ.

ಪೆಡಲು ಗಟ್ಟಿಯಾಗಿ ನಿಂತಿತು. "ನೋಡ್ದ್ಯಾ?" ಎಂದು ನಕ್ಕ. ಇನ್ನೊಮ್ಮೆ ಒತ್ತಿದ. ಟಪ್ ಎಂದು ಸದ್ದಾಯಿತು. ಪೆಡಲು ಕಾಲಿನ ಜೊತೆ ಸೀದಾ ನೆಲಕ್ಕೆ ಹೋಯಿತು.

ಕಾರಿನಡಿ ಹಾಸಿದ್ದ ರಟ್ಟಿನ ಮೇಲೆ ಎಣ್ಣೆಯಂಥ ದ್ರವ ಹರಡುತ್ತಿತ್ತು.

ರೈನೊ ಮತ್ತೆ ಮತ್ತೆ ಪೆಡಲು ತುಳಿದ. ಕಾರನ್ನು ತಡೆಯುವ ಬಲ ಅದರಲ್ಲಿ ಬಹಳವೇನೂ ಉಳಿದಿರಲಿಲ್ಲ. ಅವನ ಮುಖ ಬಿಳುಚಿಕೊಂಡಿತು. ವೃದ್ಧಾಶ್ರಮದ ದಾರಿಯಲ್ಲಿ ಸರೋವರಕ್ಕೆ ಇಳಿಯುವ ಉದ್ದನೆಯ ಇಳಿಜಾರೊಂದಿದೆ. ಅದರ ಬುಡದಲ್ಲಿ ಮರದ ದಿಮ್ಮಿಯ ಲಾರಿಗಳು ಹಾಯುವ ಹೆದ್ದಾರಿ. ಊರಿನವರಿಗೆಲ್ಲ ಗೊತ್ತಿರುವ ಜಾಗ. ಅವನು ಮೆಲ್ಲಗೆ ಇಳಿದು ಬಂದು ಮಗಳ ಕೆನ್ನೆಯ ಮೇಲಿದ್ದ ತುಕ್ಕಿನ ಪುಡಿಯನ್ನು ಕೈಗವಸಿನಿಂದ ಒರೆಸಿದ.

ಮೊದಲು ಬಾಯಿ ಬಿಟ್ಟವನು ಟ್ರುಡೆಲ್ ತಾತ. ತಲೆಯ ಟೋಪಿ ಅವನ ಕೈಗೆ ಬಂದಿತ್ತು.

"ದೇವರಾಣೆ ನನಗೆ ಗೊತ್ತಿರಲಿಲ್ಲ ಲೆಂಪಿ. ಬಣ್ಣ ಬಳಿದದ್ದು ಚೆಂದ ಕಾಣ್ಲಿ ಅಂತ. ಇಷ್ಟು ಬೆಚ್ಚಗೆ ಇಟ್ಟಿದ್ದೆನಲ್ಲ, ಹೇಗೆ ತುಕ್ಕು ಹಿಡೀತು?"

"ಬೆಚ್ಚಗೆ ಇಟ್ಟಿದ್ದಕ್ಕೇ ಅಣ್ಣ" ಎಂದಳು ಲೆಂಪಿ. ದನಿಯಲ್ಲಿ ಕೊಂಕಿರಲಿಲ್ಲ. "ಹೊರಗೆ ಕೊರೆಯೋ ಚಳೀಲಿ ಉಪ್ಪೂ ಮರಗಟ್ಟಿ ಮಲಗಿರತ್ತೆ. ಕಬ್ಬಿಣ ತಿನ್ನೋಕೆ ಅದಕ್ಕೆ ನೀರು ಬೇಕು, ಬಿಸಿ ಬೇಕು. ನೀವು ದಿನಾ ಸಂಜೆ ಉಪ್ಪು ಮೆತ್ತಿದ ಕಾರನ್ನ ತೊಳೀದೆ ಒಳಗೆ ತಂದ್ರಿ. ಹಿಮ ಕರಗ್ತು, ಉಪ್ಪುನೀರು ಸಂದಿಸಂದಿಗೂ ಇಳೀತು. ನಾವು ಶನಿವಾರ ಸಾನಾ ಕೋಣೆಯ ಬಿಸಿ ಹಬೇಲಿ ಬೆವರಿ ಚುರುಕಾಗಲ್ವಾ? ಹಾಗೇ ಉಪ್ಪಿಗೆ ನೀವು ದಿನಾ ಸಾನಾ ಮಾಡಿಸಿದ್ರಿ!"

ತಾತನಿಗೂ ನಗು ಬಂತು. ನಕ್ಕು, ಗಾಜಿನ ಮೇಲಿನ ಚೀಟಿಯನ್ನು ತಾನೇ ಕಿತ್ತು ಜೇಬಿಗೆ ಹಾಕಿಕೊಂಡ. "ಇದನ್ನಿನ್ನು ಯಾರಿಗೂ ಮಾರಲ್ಲ. ಗುಜರಿಗೇ ಹೋಗ್ಲಿ."

"ಆದ್ರೆ ಸೋಮವಾರ?" ಎಂದಳು ಐಲಿ.

"ಅಂಚೆ ಹಂಚೋ ಮಿಸೆಸ್ ಓಲ್ಸನ್ ಹಳೇ ಕಾರು ಮಾರ್ತಾರಂತೆ. ನಾಳೆ ಹೋಗೋಣ" ಎಂದವಳೇ ಲೆಂಪಿ ತಮ್ಮನ ಕಡೆ ತಿರುಗಿ, "ರಟ್ಟು ನೀನು ತಾ" ಎಂದಳು.

ಭಾನುವಾರ ಕಂಡ ಕಾರು ಬಟಾಣಿ ಹಸಿರು. ಒಂದು ಬಾಗಿಲು ನೆಗ್ಗಿತ್ತು. ಮುಂಭಾಗದ ಬಣ್ಣ ಬಿಸಿಲಿಗೆ ಮಾಸಿತ್ತು. ಬಯಲಲ್ಲೇ ನಿಂತಿತ್ತು. ಹಿಂದಿನ ದಿನವಾಗಿದ್ದರೆ ರೈನೊ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಇವತ್ತು ಯಾರ ಜೊತೆಯೂ ಮಾತಾಡದೆ ಹಿಮದ ಮೇಲೆ ರಟ್ಟು ಹಾಸಿ ಮಲಗಿಬಿಟ್ಟ. ಅಡಿಯಿಂದ ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು.

"ಥೂ, ಮುಖಕ್ಕೆಲ್ಲ ಜಿಡ್ಡು!"

"ಪ್ರತಿ ನವೆಂಬರ್ ಅಡಿಗೆ ಎಣ್ಣೆ ಹೊಡೆಸ್ತೀನಿ" ಎಂದರು ಮಿಸೆಸ್ ಓಲ್ಸನ್. "ಹಿಮ ಕರಗೋ ದಿನ ಸಿಕ್ಕಿದಾಗೆಲ್ಲ ಕೆಳಗಡೆ ನೀರು ಹೊಡೆದು ತೊಳೀತೀನಿ. ರಸೀತಿಗಳೆಲ್ಲ ಇವೆ. ನೋಡಿ."

ಐಲಿ ರಸೀತಿಗಳನ್ನು ಒಂದೊಂದಾಗಿ ನೋಡಿದಳು. ಹಿಂದಿನ ಡಿಕ್ಕಿ ತೆರೆದು, ನೆಲದ ಹಾಸು ಎತ್ತಿ, ಬದಲಿ ಚಕ್ರ ಇಡುವ ಗುಂಡಿಯಲ್ಲಿ ಕೈಯಾಡಿಸಿದಳು. ಒಣಗಿತ್ತು. ಟಾರ್ಚು ಹಿಡಿದು ಬಗ್ಗಿ ನೋಡಿದರೆ ಬ್ರೇಕಿನ ಕೊಳವೆಯ ಮೈ ನುಣ್ಣಗಿತ್ತು. ಅಡಿಯಿಂದ ಠಣ್, ಠಣ್, ಠಣ್ ಎಂದು ಸದ್ದು ಬರುತ್ತಲೇ ಇತ್ತು.

"ಗಂಟೆ! ಗಂಟೆ ಇದ್ದಂಗಿದೆ ಐಲಿ!" ಎಂದು ರೈನೊ ಅಡಿಯಿಂದಲೇ ಕೂಗಿದ. "ಕೇಳೇ ಅಕ್ಕ!"

"ಕೇಳಿಸ್ತು ಮಾರಾಯ, ಇನ್ನು ಸಾಕು ಎದ್ದೇಳು. ಆಮೇಲೆ ನೀನೇ ತುಕ್ಕು ಹಿಡೀತೀಯ!"

ಆದರೂ ಲೆಂಪಿ ಬಿಡಲಿಲ್ಲ. ಪರಿಚಯದ ಮೆಕ್ಯಾನಿಕ್‌ನ ಮನೆ ಬಾಗಿಲು ತಟ್ಟಿ, ಕಾರನ್ನು ಲಿಫ್ಟಿಗೆ ಏರಿಸಿ ಇನ್ನೊಮ್ಮೆ ನೋಡಿಸಿದಳು. ಅವನು "ಧೈರ್ಯವಾಗಿ ತಗೊಳ್ಳಿ" ಎಂದ ಮೇಲೆಯೇ ಮಾತುಕತೆ ಮುಗಿದದ್ದು.

ಸೋಮವಾರ ಬೆಳಿಗ್ಗೆ ಹಿಮ ಬೀಳುತ್ತಿತ್ತು. ಐಲಿ ಆ ಉದ್ದನೆಯ ಇಳಿಜಾರಿನ ತಲೆಗೆ ಬಂದಳು. ಕೆಳಗೆ ಹೆದ್ದಾರಿಯಲ್ಲಿ ದಿಮ್ಮಿ ತುಂಬಿದ ಲಾರಿಯೊಂದು ಬರುತ್ತಿತ್ತು. ಅವಳು ಮೆಲ್ಲಗೆ ಬ್ರೇಕು ಒತ್ತಿದಳು. ಬಟಾಣಿ ಹಸಿರು ಕಾರು ವೇಗ ತಗ್ಗಿಸುತ್ತ, ತಗ್ಗಿಸುತ್ತ, ಹೆದ್ದಾರಿಯ ಅಂಚಿನ ಗೆರೆಯ ಹಿಂದೆ ನಿಂತಿತು. ದಿಮ್ಮಿ ಲಾರಿ ಗುಡುಗುತ್ತ ಹಾದುಹೋಯಿತು. ಐಲಿ ತಡೆಹಿಡಿದಿದ್ದ ಉಸಿರು ಬಿಟ್ಟು, ಒಬ್ಬಳೇ ಜೋರಾಗಿ ನಕ್ಕಳು.

ದಿಮ್ಮಿ ಲಾರಿಯ ಹಿಂದೆಯೇ ಕಿತ್ತಳೆ ದೀಪ ತಿರುಗಿಸುತ್ತ ಉಪ್ಪಿನ ಲಾರಿ ಬಂತು. ಲೆಂಪಿ ಅತ್ತೆ ಎರಡು ಸಲ ಹಾರ್ನ್ ಹೊಡೆದಳು, ಕೈ ಬೀಸಿದಳು, ಸೊಸೆಯ ಹೊಸ ಕಾರಿನ ಮೇಲೆ ಒಂದು ಬೊಗಸೆ ಉಪ್ಪು ಚಟಪಟ ಸಿಡಿಸಿಯೇ ಮುಂದೆ ಹೋದಳು.

"ಇರಲಿ ಅತ್ತೆ, ತೊಳೀತೀನಿ!" ಎಂದು ಐಲಿ ಕಿಟಕಿಯೊಳಗಿಂದಲೇ ಕೂಗಿದಳು. ಆರೂ ಮುಕ್ಕಾಲಿಗೆ ಅವಳು ವೃದ್ಧಾಶ್ರಮದ ಬಾಗಿಲಲ್ಲಿದ್ದಳು.

ಹಳೇ ಕಾರು ಕೊಳ್ಳಲು ಹೊರಟಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದು ಹಿಮದ ಊರಾಗಿರಲಿ, ಕಡಲ ಪಕ್ಕದ ಊರಾಗಿರಲಿ, ಉಪ್ಪು ಮಾಡುವ ಕೆಲಸ ಒಂದೇ. ಅದು ಕಾರಿನ ಮುಖವನ್ನು ಬಿಟ್ಟು ಹೊಟ್ಟೆಯನ್ನು ತಿನ್ನುತ್ತದೆ. ನಮ್ಮ ಮಿಶಿಗನ್‌ನಲ್ಲಂತೂ ವರ್ಷಕ್ಕೊಮ್ಮೆ ಬಗ್ಗಿ ನೋಡಿ ಹೇಳುವ ಅಧಿಕಾರಿ ಯಾರೂ ಇಲ್ಲ, ನಾವೇ ಬಗ್ಗಬೇಕು. ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡರೆ ಯಾಕೆಂದು ಕೇಳಿ. ಬಾಗಿಲ ಕೆಳಗೆ ತಟ್ಟಿ ಸದ್ದು ಆಲಿಸಿ. ಬ್ರೇಕಿನ ಕೊಳವೆಯನ್ನು ನೋಡದೆ ದುಡ್ಡು ಕೊಡಬೇಡಿ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಮಾತ್ರ ಎಂದಿಗೂ ನುಗ್ಗಬೇಡಿ. ಮೆಕ್ಯಾನಿಕ್‌ನ ಲಿಫ್ಟಿಗೆ ಏರಿಸಿ ನೋಡಿಸಿ. ಕೊಂಡ ಮೇಲೆ ಅಡಿ ತೊಳೆಯುತ್ತಿರಿ. ಕೇಳಲು ನಾಚಿಕೆಯಾದರೆ, ಕೇಳಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಒಂದು ರಟ್ಟು ಮಾತ್ರ ಮರೆಯಬೇಡಿ. ರೈನೊ ಈಗ ತನ್ನದನ್ನು ಯಾರು ಕೇಳಿದರೂ ಕೊಡುತ್ತಾನೆ.