ಒಂದು ದಿನ ಕಡಿಮೆ

ಪ್ರತಿ ಶನಿವಾರ ಬೌದ್ಧ ವಿಹಾರದ ನೆಲಮಾಳಿಗೆಯಲ್ಲಿ ನಡೆಯುವ ಪಾಠವನ್ನು ಯೇಯ್ ಹೋಯನ್ ಒಂದು ದಿನವೂ ತಪ್ಪಿಸಿದವಳಲ್ಲ. ಯೇಯ್ ಎಂದರೆ ಅಜ್ಜಿ. ಅಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಹಾಗೆಯೇ. ಅಮೆರಿಕದ ಪೌರತ್ವದ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲಾಗಿ, ಎಪ್ಪತ್ತನೆಯ ವಯಸ್ಸಿನಲ್ಲಿ ಐದನೆಯದಕ್ಕೆ ಓದುತ್ತಿದ್ದಳು. ಲೋವೆಲ್ ಊರಿನ ಕಾಂಬೋಡಿಯಾ ಮಂದಿಯಲ್ಲೆಲ್ಲ ಇದೊಂದು ದಾಖಲೆ ಎಂದು ಉಳಿದ ಮುದುಕಿಯರು ರೇಗಿಸಿದರೆ, “ನಾನೂ ಪಾಸಾಗ್ಬಿಟ್ರೆ ಆಮೇಲೆ ಯಾರನ್ನ ನೋಡಿ ನಗ್ತೀರ್ರೇ?” ಎಂದು ತಿರುಗಿಸಿ ಕೇಳುತ್ತಿದ್ದಳು.

ಪಾಠ ಹೇಳುತ್ತಿದ್ದವಳು ಥಾವ್ರಿ ಪ್ರುಮ್. ವಾರದ ಐದು ದಿನ ಪಕ್ಕದ ಊರಿನ ನ್ಯಾಯಾಲಯದಲ್ಲಿ ಕಪ್ಪು ನಿಲುವಂಗಿ ತೊಟ್ಟು ಕೂರುವ ಜಡ್ಜ್ ಅವಳು. ಹನ್ನೊಂದನೆಯ ವಯಸ್ಸಿಗೆ ಥಾಯ್ ಗಡಿಯ ನಿರಾಶ್ರಿತರ ಶಿಬಿರದಿಂದ ಬಂದವಳು. ಹೈಸ್ಕೂಲು ಮುಗಿಯುವ ಮೊದಲೇ ಅರ್ಧ ಬೀದಿಯವರಿಗೆ ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಇಂಗ್ಲಿಷ್ ಮಾತು ತಿಳಿಸಿ ಹೇಳುತ್ತಿದ್ದವಳು. ಹಗಲು ಕೆಲಸ, ಸಂಜೆ ಕಾಲೇಜು ಮಾಡಿ ವಕೀಲೆಯಾದಳು. ಹತ್ತು ವರ್ಷದ ಹಿಂದೆ ಅವಳು ಪ್ರಮಾಣವಚನ ತೆಗೆದುಕೊಂಡ ದಿನ ಮುದುಕಿಯರೆಲ್ಲ ಪೆಟ್ಟಿಗೆಯ ತಳದ ರೇಷ್ಮೆ ಸಂಪೊತ್ ಉಟ್ಟು ಬಂದು ಮುಂದಿನ ಸಾಲುಗಳಲ್ಲಿ ಕೂತಿದ್ದರು. ಜಡ್ಜ್ ಆದ ಮೇಲೆ ಯಾರ ಕಾಗದಪತ್ರಕ್ಕೂ ಅವಳು ಸಲಹೆ ಕೊಡುವಂತಿರಲಿಲ್ಲ. ಆದರೆ ಪಾಠ ಬಿಡಲಿಲ್ಲ.

ನವೆಂಬರಿನ ಒಂದು ಶನಿವಾರ ಯೇಯ್ ಹೋಯನ್ ಪುಸ್ತಕವಿಲ್ಲದೆ ಬಂದಳು. ಬೂಟು ಕೂಡ ಕಳಚದೆ ಬಾಗಿಲಲ್ಲೇ ನಿಂತು ಮಗ ವಿಬೋಲ್‌ನ ಸುದ್ದಿ ಹೇಳಿದಳು.

“ಗುರುವಾರ ವಿಬೋಲ್ ಸೈನ್ ಹಾಕೋಕೆ ಹೋದ. ವರ್ಷಾ ವರ್ಷಾ ಹೋಗ್ತಾನಲ್ಲ, ಆ ವಲಸೆ ಕಚೇರಿಗೆ. ವಾಪಸ್ ಬರ್ಲಿಲ್ಲ ಮಗಾ. ಅಲ್ಲೇ ಕೋಳ ಹಾಕಿದ್ರಂತೆ. ಅವನ ದೇಶಕ್ಕೆ ಕಳಿಸ್ತಾರಂತೆ. ಯಾವುದು ಅವನ ದೇಶ? ಹುಟ್ಟಿದ್ದು ಶಿಬಿರದ ಟಾರ್ಪಾಲು ಕೆಳಗೆ. ಕಾಂಬೋಡಿಯಾ ಅನ್ನೋದನ್ನ ಟಿವಿಯಲ್ಲಿ ಬಿಟ್ಟು ಇನ್ನೆಲ್ಲಿ ನೋಡಿದಾನೆ?”

ಥಾವ್ರಿ ಅವಳನ್ನು ಕುರ್ಚಿಗೆ ಕೂರಿಸಿದಳು. ಮುದುಕಿ ಅವಳ ಮುಂಗೈ ಬಿಡಲಿಲ್ಲ. “ನೀನಿದ್ದೀಯಲ್ಲ. ಅವತ್ತು ಅವನನ್ನ ಜೈಲಿಂದ ತಪ್ಪಿಸಿದ್ದೂ ನೀನೇ ತಾನೆ? ಈಗ ಜಡ್ಜ್ ಬೇರೆ. ಒಂದು ಮಾತು ಹೇಳಿಬಿಡು, ಸಾಕು.”

ಸುತ್ತ ಕೂತಿದ್ದ ಮುದುಕಿಯರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು.

ಅವತ್ತು ಅಂದರೆ ಇಪ್ಪತ್ತು ವರ್ಷದ ಹಿಂದೆ. ವಿಬೋಲ್‌ಗೆ ಆಗ ಹದಿನೆಂಟು. ಅಂಗಡಿ ಮುಂದಿನ ಪಾರ್ಕಿಂಗ್ ಜಾಗದಲ್ಲಿ ಯಾರೋ ಅವನ ತಾಯಿಯ ಮಾತನ್ನು ಅಣಕಿಸಿದರೆಂದು ಜಗಳ ಹತ್ತಿ, ಬೇಸ್‌ಬಾಲ್ ಬ್ಯಾಟಿನಿಂದ ಒಬ್ಬನ ಭುಜ ಮುರಿದಿದ್ದ. ಥಾವ್ರಿಗೆ ಇಪ್ಪತ್ತಾರು, ಬಡವರ ಪರ ಸರ್ಕಾರ ನೇಮಿಸುವ ವಕೀಲೆಯಾಗಿ ಅದು ಅವಳ ಮೊದಲ ವರ್ಷ. ಸರ್ಕಾರಿ ವಕೀಲ ಒಂದು ರಾಜಿ ಮುಂದಿಟ್ಟ: ತಪ್ಪು ಒಪ್ಪಿಕೊಳ್ಳಲಿ, ಒಂದು ವರ್ಷ ಶಿಕ್ಷೆ, ಅದೂ ಹೆಸರಿಗೆ ಮಾತ್ರ, ಮತ್ತೆ ತಂಟೆ ಮಾಡದಿದ್ದರೆ ಒಂದು ದಿನವೂ ಜೈಲಿಲ್ಲ. ಥಾವ್ರಿ ಕುಣಿದಾಡುವಷ್ಟು ಖುಷಿಪಟ್ಟಳು.

ತಪ್ಪೊಪ್ಪಿಕೊಳ್ಳುವವರಿಗೆಲ್ಲ ಜಡ್ಜ್ ಒಂದು ವಾಕ್ಯ ಓದಬೇಕೆಂಬ ನಿಯಮವಿದೆ. ನೀನು ಈ ದೇಶದ ಪ್ರಜೆಯಲ್ಲದಿದ್ದರೆ ಇದರಿಂದ ನಿನ್ನನ್ನು ದೇಶದಿಂದ ಹೊರಗೆ ಕಳಿಸಬಹುದು ಎಂಬ ವಾಕ್ಯ. ಅದನ್ನು ಕೇಳಿ ವಿಬೋಲ್ ಬೆಚ್ಚಿ ಅವಳ ಕಡೆ ತಿರುಗಿದ. ಅವಳು ಅವನ ಕಿವಿಯಲ್ಲಿ ತಮ್ಮ ಖ್ಮೇರ್ ಭಾಷೆಯಲ್ಲಿ ಪಿಸುಗುಟ್ಟಿದಳು: “ಅದು ಎಲ್ಲರಿಗೂ ಹೇಳೋದೇ ಕಣೋ. ನಿನಗೆ ಗ್ರೀನ್ ಕಾರ್ಡ್ ಇದೆಯಲ್ಲ. ಹೂಂ ಅನ್ನು.” ಅವನು ಹೂಂ ಅಂದ.

ಕಾನೂನು ಅದಕ್ಕೆ ಎರಡು ವರ್ಷ ಮೊದಲಷ್ಟೇ ಬದಲಾಗಿದ್ದು ಅವಳಿಗೆ ಗೊತ್ತಿರಲಿಲ್ಲ. ಅಂಥ ಅಪರಾಧಕ್ಕೆ ಒಂದು ವರ್ಷದ ಶಿಕ್ಷೆ ಎಂದು ಕಾಗದದ ಮೇಲೆ ಬಿದ್ದರೆ ಸಾಕು, ಜೈಲು ನೋಡದಿದ್ದರೂ ಗಡೀಪಾರು ಖಚಿತ. ಅವಳು ಬಾಯಿಬಿಟ್ಟು ಒಂದೇ ಒಂದು ದಿನ ಕಡಿಮೆ ಕೇಳಿದ್ದರೆ, ಮುನ್ನೂರ ಅರವತ್ತನಾಲ್ಕು ದಿನ ಎಂದು ಬರೆಸಿದ್ದರೆ, ಗಡೀಪಾರು ಖಚಿತವಾಗುತ್ತಿರಲಿಲ್ಲ. ಸರ್ಕಾರಿ ವಕೀಲ ಮರುಮಾತಿಲ್ಲದೆ ಒಪ್ಪುತ್ತಿದ್ದ.

ನಾಲ್ಕು ವರ್ಷದ ನಂತರ ಗಡೀಪಾರಾದವರ ಮೊದಲ ತಂಡವನ್ನು ಕಾಂಬೋಡಿಯಾಕ್ಕೆ ಕಳಿಸಿದ ಸುದ್ದಿ ಬಂದಾಗ ಅವಳು ಕಾನೂನಿನ ಪುಸ್ತಕ ತೆಗೆದು ಓದಿ ತನ್ನ ತಪ್ಪು ತಿಳಿದಳು. ವಕೀಲಿಯ ಆ ಮೊದಲ ವರ್ಷದಲ್ಲಿ ಅದೇ ಮಾತನ್ನು ಅವಳು ಇನ್ನೂ ನಾಲ್ಕು ಹುಡುಗರ ಕಿವಿಯಲ್ಲಿ ಹೇಳಿದ್ದಳು. ಯಾರಿಗೂ ತಿಳಿಸಲಿಲ್ಲ. ವಿಬೋಲ್‌ಗೆ ಗಡೀಪಾರಿನ ಆದೇಶ ಬಂತು, ಆದರೆ ಕಳಿಸಲಿಲ್ಲ. ವರ್ಷಕ್ಕೊಮ್ಮೆ ಸಹಿ ಹಾಕಿ ಹೋಗು ಅಂದರು. ಹೀಗೇ ನಡೆದುಹೋಗುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಜಡ್ಜ್ ಆದಳು. ಅದೇ ವಾಕ್ಯವನ್ನು ಈಗ ದಿನಕ್ಕೆ ಹತ್ತು ಸಲ ತಾನೇ ಓದುತ್ತಿದ್ದಳು. ಓದುವಾಗಲೆಲ್ಲ ನಾಲಿಗೆ ತೊದಲದಂತೆ ಕಾಗದ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಸೋಮವಾರ ವಿಬೋಲ್‌ನ ವಕೀಲೆ ಡೊನಹ್ಯೂ ಫೋನ್ ಮಾಡಿದಳು. ಗಡಸು ದನಿಯ, ನಿದ್ದೆಗೆಟ್ಟ ಹೆಂಗಸು.

“ಜಡ್ಜ್ ಮೇಡಂ, ಹಳೇ ತಪ್ಪೊಪ್ಪಿಗೆ ರದ್ದು ಮಾಡಿ ಅಂತ ಅರ್ಜಿ ಹಾಕಿದೀನಿ. ಆಗ ನೀವೇ ಅವನ ವಕೀಲರು. ಗಡೀಪಾರಿನ ಬಗ್ಗೆ ಅವನಿಗೆ ಏನು ಹೇಳಿದ್ರಿ ಅಂತ ಒಂದು ಅಫಿಡವಿಟ್ ಬೇಕು. ಫೈಲು ಯಾವತ್ತೋ ನಾಶ ಆಗಿದೆ. ಅವನನ್ನ ಕೇಳಿದ್ರೆ ಏನೂ ನೆನಪಿಲ್ಲ ಅಂತಾನೆ.”

“ನೆನಪಿಲ್ಲವಂತಾ?”

“ಹೂಂ. ಇಪ್ಪತ್ತು ವರ್ಷ ಆಯ್ತಲ್ಲ. ನಿಮಗೂ ನೆನಪಿಲ್ಲ ಅಂದ್ರೆ ಕೇಸು ಅಲ್ಲಿಗೇ ನಿಂತುಹೋಗತ್ತೆ, ಅಷ್ಟೆ.”

ಮಾರನೆಯ ದಿನ ರಜೆ ಹಾಕಿ ಥಾವ್ರಿ ಅವನನ್ನು ಇಟ್ಟಿದ್ದ ಜೈಲಿಗೆ ಹೋದಳು. ಗಾಜಿನ ಆಚೆ ವಿಬೋಲ್ ಕೂತಿದ್ದ. ಮೂವತ್ತೆಂಟು ವರ್ಷದವನು, ಕಾವಲಿಯಂಥ ಅಗಲ ಅಂಗೈ. ಚಳಿಗಾಲದಲ್ಲಿ ಊರಿನ ಅರ್ಧ ಮನೆಗಳನ್ನು ಬೆಚ್ಚಗಿಡುವ ಬಾಯ್ಲರ್‌ಗಳನ್ನು ಅವನೇ ರಿಪೇರಿ ಮಾಡಿದ್ದು. ವಿಹಾರದ್ದನ್ನು ಪುಕ್ಕಟೆ ಮಾಡಿಕೊಡುತ್ತಿದ್ದ. ಅವನು ಎರಡೂ ಕೈ ಮುಗಿದು ಹಣೆಗೆ ಮುಟ್ಟಿಸಿ ಫೋನ್ ಎತ್ತಿಕೊಂಡ.

“ಬಾಂಗ್, ನೀವ್ಯಾಕೆ ಬರೋಕೆ ಹೋದ್ರಿ? ಯಾರಾದ್ರೂ ನೋಡಿದ್ರೆ?” ಅಕ್ಕನಿಗೆ ಹೇಳುವ ಹಾಗೆ ಅವಳನ್ನು ಅವನು ಮೊದಲಿನಿಂದಲೂ ಬಾಂಗ್ ಎಂದೇ ಕರೆಯುತ್ತಿದ್ದ.

“ನಿನ್ನ ವಕೀಲರಿಗೆ ನೆನಪಿಲ್ಲ ಅಂದ್ಯಂತೆ.”

ಅವನು ನೆಲ ನೋಡಿದ.

“ವಿಬೋಲ್, ನಿನಗೆ ನೆನಪಿದೆ.”

“ಇದೆ. ‘ಹೂಂ ಅನ್ನು’ ಅಂದ್ರಿ. ಅದನ್ನ ಹೇಳಿದ್ರೆ ಪೇಪರಲ್ಲಿ ಬರತ್ತೆ ಬಾಂಗ್. ನಮ್ಮೋರು ಅಂತ ಹೇಳ್ಕೊಳ್ಳೋಕೆ ಇರೋದೇ ನೀವೊಬ್ರು. ನಮ್ಮಮ್ಮ ಬುದ್ಧನ ಪಕ್ಕದಲ್ಲಿ ನಿಮ್ಮ ಫೋಟೋ ಇಟ್ಟು ಊದುಬತ್ತಿ ಹಚ್ತಾಳೆ. ಬದುಕಿರೋರಿಗೆ ಹಚ್ಚಬಾರದು ಕಣಮ್ಮ ಅಂದ್ರೂ ಕೇಳಲ್ಲ.” ಅವನು ನಗಲು ನೋಡಿದ, ಆಗಲಿಲ್ಲ. “ಅವಳಿಂದ ಅದನ್ನ ಕಿತ್ಕೊಳ್ಳೋದು ಬೇಡ ಅನ್ನಿಸ್ತು.”

“ನಿನ್ನನ್ನ ಕಿತ್ಕೊಂಡ್ರೆ ಅವಳಿಗೆ ಏನುಳಿಯತ್ತೋ?”

ಕಾವಲುಗಾರ ಬಂದು ಸಮಯ ಮುಗಿಯಿತೆಂದ. ಥಾವ್ರಿ ಹೊರಗೆ ಬಂದು ಕಾರಿನಲ್ಲಿ ಕೂತಳು. ದೊಡ್ಡ ಸುಳ್ಳೇನೂ ಹೇಳಬೇಕಿರಲಿಲ್ಲ. ನೆನಪಿಲ್ಲ ಎಂಬ ಒಂದು ಮಾತು ಸಾಕಿತ್ತು. ಅದನ್ನು ಹೇಳಲು ಆ ಮನುಷ್ಯ ಅವಳಿಗೆ ದಾರಿ ಗುಡಿಸಿ ಕೊಟ್ಟಿದ್ದ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಮನೆಗೆ ಹೋಗದೆ ನೇರ ಡೊನಹ್ಯೂಳ ಕಚೇರಿಗೆ ಹೋಗಿ, ಪಿಸುಗುಟ್ಟಿದ್ದನ್ನು ಅಕ್ಷರ ಬಿಡದೆ ಬರೆದು ಸಹಿ ಹಾಕಿದಳು. ಓದಿ ಮುಗಿಸಿದ ಡೊನಹ್ಯೂ ಕನ್ನಡಕ ತೆಗೆದಳು. “ಇದು ನಿಮ್ಮನ್ನ ಬಿಡಲ್ಲ, ಗೊತ್ತಲ್ಲ?”

“ಗೊತ್ತು. ಬೇಗ ಹಾಕಿ.”

ಬೇಗ ಹಾಕಿದರೂ ವಿಚಾರಣೆ ಬಂದದ್ದು ಹದಿನಾರು ದಿನದ ಮೇಲೆ. ಅಷ್ಟರಲ್ಲಿ ವಿಬೋಲ್‌ನನ್ನು ಹೇಳದೆ ಕೇಳದೆ ದಕ್ಷಿಣದ ಟೆಕ್ಸಾಸಿಗೆ ಸಾಗಿಸಿದ್ದರು. ವಿಮಾನ ಯಾವತ್ತು ಹೊರಡುತ್ತದೆಂದು ಯಾರೂ ಬಾಯಿ ಬಿಡಲಿಲ್ಲ. ಡೊನಹ್ಯೂ ದಿನಕ್ಕೆ ಇಪ್ಪತ್ತು ಫೋನ್ ಮಾಡುತ್ತಿದ್ದಳು. ಯೇಯ್ ಹೋಯನ್ ಅನ್ನ ಬಿಟ್ಟು ವಿಹಾರದಲ್ಲೇ ಕೂತಳು.

ವಿಚಾರಣೆಗೆ ಬೇರೆ ಜಿಲ್ಲೆಯಿಂದ ಒಬ್ಬ ಮುದುಕ ಜಡ್ಜ್‌ನನ್ನು ಕರೆಸಿದ್ದರು. ಯೇಯ್ ಹೋಯನ್ ಮೊದಲ ಸಾಲಿನಲ್ಲಿದ್ದಳು. ಪಕ್ಕದಲ್ಲಿ ಮಾತು ತಿಳಿಸಿ ಹೇಳುವ ದುಭಾಷಿ. ಥಾವ್ರಿ ಸಾಕ್ಷಿಯ ಕಟಕಟೆ ಹತ್ತಿದಾಗ ಮುದುಕಿ ಅವಳಿಗೆ ಕೈ ಮುಗಿದಳು. ಡೊನಹ್ಯೂ ಕೇಳಿದಳು, ಥಾವ್ರಿ ಹೇಳಿದಳು. ಆಮೇಲೆ ಸರ್ಕಾರಿ ವಕೀಲ ಎದ್ದ.

“ನಿಮ್ಮ ಸಲಹೆ ತಪ್ಪು ಅಂತ ನಿಮಗೆ ಯಾವಾಗ ಗೊತ್ತಾಯ್ತು?”

“ಹದಿನಾರು ವರ್ಷದ ಹಿಂದೆ.”

“ಯಾರಿಗೆ ತಿಳಿಸಿದ್ರಿ?”

“ಯಾರಿಗೂ ಇಲ್ಲ.”

“ಯಾಕೆ?”

“ಹೆದರಿಕೆ. ಮೊದಲು ಕೆಲಸ ಹೋಗತ್ತೆ ಅಂತ. ಆಮೇಲೆ ಹೆಸರು ಹೋಗತ್ತೆ ಅಂತ.”

ದುಭಾಷಿಯ ಮಾತು ಒಂದು ಉಸಿರಿನಷ್ಟು ಹಿಂದೆ ಬರುತ್ತಿತ್ತು. ಹೆಸರು ಹೋಗುತ್ತದೆ ಎಂಬ ಮಾತು ಖ್ಮೇರ್‌ನಲ್ಲಿ ಕೇಳಿದಾಗ ಯೇಯ್ ಹೋಯನ್‌ಳ ಮುಖದ ಬಣ್ಣ ಇಳಿದುಹೋಯಿತು. ಮಡಿಲಲ್ಲಿದ್ದ ಅವಳ ಕೈಗಳು ನಿಧಾನವಾಗಿ ಬಿಚ್ಚಿಕೊಂಡವು.

ಜಡ್ಜ್ ಅಲ್ಲೇ ಆದೇಶ ಓದಿದ. ತಪ್ಪೊಪ್ಪಿಗೆ ರದ್ದು. ಆಗ ಬೆಳಿಗ್ಗೆ ಹನ್ನೊಂದೂಕಾಲು. ಡೊನಹ್ಯೂ ಆದೇಶ ಹಿಡಿದು ಮೊಗಸಾಲೆಗೆ ಓಡಿದಳು. ಅಲ್ಲಿಂದಲೇ ವಲಸೆ ಕೋರ್ಟಿಗೆ ಕಳಿಸಿ, ವಿಮಾನ ತಡೆಯಿರೆಂದು ಫೋನಿಗೆ ಬಿದ್ದಳು. ಒಂದು ಗಂಟೆ ಯಾರೂ ಕೂರಲಿಲ್ಲ. ಆಮೇಲೆ ಅವಳು ಫೋನ್ ಕೆಳಗಿಳಿಸಿ ಗೋಡೆಗೆ ಒರಗಿದಳು.

“ತಡೆಯಾಜ್ಞೆ ಸಿಕ್ತು. ವಿಮಾನ ಬೆಳಿಗ್ಗೆ ಏಳಕ್ಕೇ ಹೋಗಿದೆ.”

ಥಾವ್ರಿ ಮುದುಕಿಯ ಮುಂದೆ ನೆಲದ ಮೇಲೆ ಮಂಡಿಯೂರಿದಳು. ವಕೀಲರು, ಪೊಲೀಸರು ದಾಟಿಕೊಂಡು ಹೋಗುತ್ತಿದ್ದರು. “ಯೇಯ್, ನಾನು...”

“ಏಳು. ಜಡ್ಜ್ ನೀನು, ಬಟ್ಟೆ ಕೊಳೆಯಾಗತ್ತೆ.” ಮುದುಕಿಯ ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಹದಿನಾರು ವರ್ಷ. ಪ್ರತಿ ಶನಿವಾರ ನನ್ನೆದುರು ಕೂತು, ಅಮೆರಿಕದ ಮೊದಲನೇ ಅಧ್ಯಕ್ಷ ಯಾರು ಯೇಯ್ ಅಂತ ಕೇಳ್ತಿದ್ದೆ. ಅವನು ಚಿಕ್ಕೋನಿದ್ದಾಗಲೇ ನಾನು ಪಾಸಾಗಿದ್ರೆ ಅವನೂ ಇಲ್ಲಿಯೋನೇ ಆಗ್ತಿದ್ನಂತೆ. ನನ್ನ ದಡ್ಡತನದಿಂದ ಹೀಗಾಯ್ತು ಅಂತ ಅಳ್ತಿದ್ದೆ. ಆಗ ನನ್ನ ಬೆನ್ನು ಸವರಿದೋಳು ನೀನೇ ತಾನೆ?”

ಮುದುಕಿ ಗೋಡೆ ಹಿಡಿದುಕೊಂಡು ಒಬ್ಬಳೇ ಮೆಟ್ಟಿಲಿಳಿದು ಹೋದಳು.

ಪೇಪರಲ್ಲಿ ಬಂತು. ತನಿಖೆ ಶುರುವಾಗುವ ಮೊದಲೇ ಥಾವ್ರಿ ರಾಜೀನಾಮೆ ಕೊಟ್ಟಳು. ಮುಂದಿನ ಶನಿವಾರ ನೆಲಮಾಳಿಗೆಯಲ್ಲಿ ಅವಳೊಬ್ಬಳೇ ಕೂತಿದ್ದಳು. ಅದರ ಮುಂದಿನ ಶನಿವಾರವೂ. ಮೇಲೆ ಸಾಮೂಹಿಕ ಊಟ ನಡೆಯುತ್ತಿತ್ತು, ಕರೆಯಲು ಯಾರೂ ಇಳಿದು ಬರಲಿಲ್ಲ. ಅದೇ ತಪ್ಪು ಸಲಹೆ ಪಡೆದಿದ್ದ ಉಳಿದ ನಾಲ್ವರನ್ನು ಅವಳು ಹುಡುಕಿದಳು. ಇಬ್ಬರು ಆಗಲೇ ಕಾಂಬೋಡಿಯಾಕ್ಕೆ ಹೋಗಿದ್ದರು; ಅದರಲ್ಲೊಬ್ಬ ಅಲ್ಲಿನ ಬಾಟ್ಟಂಬಾಂಗ್ ಊರಿನ ಬಾಡಿಗೆ ಕೋಣೆಯಲ್ಲಿ ನೇಣು ಹಾಕಿಕೊಂಡು ಮೂರು ವರ್ಷವಾಗಿತ್ತು. ಲೋವೆಲ್‌ನಲ್ಲೇ ಇದ್ದ ಅವನ ಅಕ್ಕ ಬಾಗಿಲು ತೆರೆದು, ಇವಳ ಮಾತು ಪೂರ್ತಿ ಕೇಳಿ, ಮತ್ತೆ ಬಾಗಿಲು ಹಾಕಿಕೊಂಡಳು. ಇನ್ನಿಬ್ಬರಿಗೂ ಅಫಿಡವಿಟ್ ಬರೆದುಕೊಟ್ಟಳು. ಒಬ್ಬನ ತಪ್ಪೊಪ್ಪಿಗೆ ರದ್ದಾದ ಆದೇಶ ಸಮಯಕ್ಕೆ ಸರಿಯಾಗಿ ಬಂದು ಅವನು ಉಳಿದುಕೊಂಡ.

ಮಾರ್ಚ್ ತಿಂಗಳಲ್ಲಿ ಯೇಯ್ ಹೋಯನ್ ಬಂದಳು. ಮೈ ಇಳಿದು ಕೋಟು ನೇತುಹಾಕಿದಂತಿತ್ತು. ಮೇಜಿನ ಮೇಲೆ ಫೋನ್ ಇಟ್ಟಳು. ಅದರಲ್ಲಿ ವಿಬೋಲ್ ಕಳಿಸಿದ ಚಿತ್ರ: ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನ ಯಾವುದೋ ಅಂಗಡಿ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾನೆ.

“ಅಲ್ಲಿ ಬಾಯ್ಲರೇ ಇಲ್ವಂತೆ. ಬೋರ್ಡು ಓದೋಕೂ ಬರಲ್ಲ ಅವನಿಗೆ. ಅವನ ಮಾತು ಕೇಳಿ ಮಕ್ಕಳು ನಗ್ತಾವಂತೆ, ವಿದೇಶಿ ವಿದೇಶಿ ಅಂತ.” ಅವಳು ಕುರ್ಚಿ ಎಳೆದು ಕೂತಳು. “ವಾಪಸ್ ಕರೆಸೋಕೆ ಅರ್ಜಿ ಹಾಕಬಹುದು ಅಂತ ಆ ವಕೀಲಮ್ಮ ಹೇಳಿದ್ಲು. ಸಹಿ ಅವಳು ಹಾಕ್ತಾಳಂತೆ. ನನ್ನ ಕಥೆ ಖ್ಮೇರ್‌ನಲ್ಲಿ ಕೇಳಿ ಬರೆಯೋರು ಬೇಕಂತೆ.”

“ನಾನು ಬರೀತೀನಿ ಯೇಯ್. ಆದ್ರೆ ವರ್ಷಗಟ್ಟಲೆ ಆಗಬಹುದು. ಆಗದೇನೂ ಇರಬಹುದು.”

“ನನಗೆ ಇಲ್ಲಿ ಬೇರೆ ಯಾರೂ ಇಲ್ಲ, ಅದಕ್ಕೆ ಬಂದೆ. ನಿನ್ನ ಫೋಟೋ ತೆಗೆದುಹಾಕಿದೀನಿ. ನಿನ್ನ ಮೇಲಿನ ಸಿಟ್ಟು ನಾನು ಸಾಯೋವರೆಗೂ ಹೋಗಲ್ಲ, ಹೋಗಲಿ ಅಂತ ಕಾಯ್ತಾನೂ ಕೂರಬೇಡ. ಬರಿ.”

ಥಾವ್ರಿ ಕಾಗದ ತೆಗೆದುಕೊಂಡಳು. “ಅವನು ಹುಟ್ಟಿದ ದಿನ?”

“ಜನವರಿ ಒಂದು ಅಂತ ಶಿಬಿರದೋರು ಬರ್ಕೊಂಡ್ರು. ಎಲ್ಲರಿಗೂ ಅದೇ ತಾರೀಕು. ಆದ್ರೆ ಅವನು ಹುಟ್ಟಿದ್ದು ಮಳೆ ಹಿಡಿದಾಗ. ಟಾರ್ಪಾಲಿನಿಂದ ನೀರು ಸುರೀತಿತ್ತು, ಪಕ್ಕದ ಹೆಂಗಸು ತಟ್ಟೆ ಹಿಡಿದು ನಿಂತಿದ್ಲು, ಮಗೂ ಮೇಲೆ ಬೀಳಬಾರದು ಅಂತ.” ಮುದುಕಿ ಬೆರಳಿನಿಂದ ಕಾಗದ ಕುಟ್ಟಿದಳು. “ಅದನ್ನೂ ಬರಿ. ಎಲ್ಲಾ ಬರಿ.”